ಪ್ರಶ್ನೆ ಕೇಳುವ ಸಹಪಾಠಿ

ನಲವತ್ತು ದಾಟಿದ ಹೆಂಗಸು ಪುಸ್ತಕ ಹಿಡಿದು ಕುಳಿತರೆ ಜನ ಎರಡೇ ಕಾರಣ ಊಹಿಸುತ್ತಾರೆ. ಒಂದೋ ಇವಳಿಗೆ ಬಡ್ತಿ ಬೇಕಾಗಿದೆ, ಇಲ್ಲವೇ ಮನೆಯಲ್ಲಿ ಏನೋ ಸರಿಯಿಲ್ಲ. ನನ್ನ ವಿಷಯದಲ್ಲಿ ಎರಡೂ ಸುಳ್ಳು. ನಾನು ಹಳಿಯಾಳ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಅಭಿವೃದ್ಧಿ ಅಧಿಕಾರಿ. ವಾರಪೂರ್ತಿ ಕಚೇರಿಗೆ ಬರುವ ಜನ ಸಾಲದೆಂಬಂತೆ ಭಾನುವಾರ ನೆಂಟರೂ ಮನೆಗೆ ಬಂದು, ಉಪ್ಪಿಟ್ಟು ತಿನ್ನುತ್ತಾ, ತಮ್ಮೂರಿನ ಪಂಚಾಯಿತಿಯಲ್ಲಿ ನಿಂತುಹೋದ ಮನೆ ಮಂಜೂರಾತಿಯ ಬಗ್ಗೆ ನನ್ನನ್ನೇ ವಿಚಾರಿಸುತ್ತಿದ್ದರು. ಭಾನುವಾರ ಮನೆಯಲ್ಲಿ ಇರದಿರಲು ನನಗೊಂದು ಗೌರವಸ್ಥ ಕಾರಣ ಬೇಕಿತ್ತು. ಅಷ್ಟರಲ್ಲಿ ಹಳಿಯಾಳದಲ್ಲೇ ದೂರಶಿಕ್ಷಣದ ಅಧ್ಯಯನ ಕೇಂದ್ರವೊಂದು ತೆರೆದು, ಸಾರ್ವಜನಿಕ ನೀತಿ ಮತ್ತು ಆಡಳಿತದಲ್ಲಿ ಎಂ.ಎ. ಮಾಡಿಸುತ್ತೇವೆ, ತರಗತಿಗಳು ಭಾನುವಾರ ಮಾತ್ರ ಎಂದು ಪ್ರಕಟಣೆ ಕೊಟ್ಟಿತು. ವಿಷಯ ಯಾವುದೆಂದು ನಾನು ಓದಿದ್ದು ವಾರ ಯಾವುದೆಂದು ಓದಿದ ಮೇಲೆ.

ನಮ್ಮ ಅತ್ತೆಯವರಿಗೆ ಇದು ತಲೆಗೆ ಹತ್ತಲಿಲ್ಲ. "ದಿನಾ ಮಾಡೂ ಕೆಲಸಾನ ಮತ್ತ ಫೀ ತುಂಬಿ ಕಲೀತಿಯೇನವಾ? ನಾ ಹುಟ್ಟಿದಾಗಿಂದ ರೊಟ್ಟಿ ಬಡೀಲಿಕ್ಕತ್ತೇನಿ, ರೊಟ್ಟಿ ಬಡಿಯೂದು ಹೆಂಗಂತ ಪರೀಕ್ಷಾ ಬರದೇನೇನು?" ಎಂದರು. ಹೈಸ್ಕೂಲ್ ಮಾಸ್ತರರಾದ ನನ್ನ ಗಂಡ ಮಾತ್ರ, "ಹೋಗಲಿ ಬಿಡವ್ವಾ, ಒಂದಿನ ನಮ್ಮ ಮನ್ಯಾಗೂ ಸುಧಾರಣಾ ಆಗ್ಲಿ" ಎಂದು ಹುರಿದುಂಬಿಸಿದರು. ಸುಧಾರಣೆ ಎಂದರೆ ನಾನು ಮನೆಯಲ್ಲಿ ಇಲ್ಲದಿರುವುದೋ, ಕಲಿತು ಬರುವುದೋ ಎಂದು ನಾನು ಕೇಳಲು ಹೋಗಲಿಲ್ಲ.

ಮೊದಲ ತರಗತಿಗೆ ಹೊಸ ಪೆನ್ನು, ನೀರಿನ ಬಾಟಲಿ ಎಲ್ಲ ಹಿಡಿದುಕೊಂಡು ಮುಂದಿನ ಬೆಂಚಿನಲ್ಲಿ ಕುಳಿತೆ. ಅಲ್ಲಿ ಯಾರೂ ನನ್ನನ್ನು "ಮೇಡಂ, ನಮ್ಮ ನಳಾ" ಎಂದು ಕರೆಯುವುದಿಲ್ಲ ಎಂಬ ನೆಮ್ಮದಿಯಲ್ಲಿ ಇನ್ನೇನು ಕಾಲು ಚಾಚಬೇಕು, ಬಾಗಿಲಲ್ಲಿ ಬಿಳಿ ಟೋಪಿ ಕಾಣಿಸಿತು. ಟೋಪಿಯ ಕೆಳಗೆ ಗುರುಸಿದ್ದಪ್ಪ.

ಗುರುಸಿದ್ದಪ್ಪ ಯಾರೆಂದು ಹೇಳಬೇಕು. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ದುಡಿದು, ನಿವೃತ್ತರಾಗಿ, ನಮ್ಮ ಪಂಚಾಯಿತಿಯ ಊರಿನಲ್ಲಿ ಹೆಂಡತಿಯೊಂದಿಗೆ ನೆಲೆಸಿದವರು. ಊರಿಗೆಲ್ಲ ಕಾಕಾ. ಗ್ರಾಮಸಭೆಯಲ್ಲಿ ನಾನು ಕ್ರಿಯಾಯೋಜನೆ ಓದಿ ಮುಗಿಸಿ, "ಯಾರಾದರೂ ಏನಾದರೂ ಕೇಳುವುದಿದೆಯೇ?" ಎಂದು ಸಂಪ್ರದಾಯಕ್ಕಾಗಿ ಅಂದರೆ, ಅದನ್ನು ನಿಜವೆಂದು ನಂಬುವ ಏಕೈಕ ಮನುಷ್ಯ. ಎದ್ದು ನಿಂತು, ಟೋಪಿ ಸರಿಮಾಡಿಕೊಂಡು, "ಒಂದ ಒಂದು ಪ್ರಶ್ನಾ ಐತ್ರಿ" ಎಂದು ಶುರುಮಾಡುತ್ತಿದ್ದರು. ಆ ಒಂದಕ್ಕೆ ಮಕ್ಕಳು ಮೊಮ್ಮಕ್ಕಳು ಹುಟ್ಟಿ ಸಂಜೆಯಾಗುತ್ತಿತ್ತು. ಗಟಾರದ ಮೇಲಿನ ಕಲ್ಲು ಯಾಕೆ ತೆಳ್ಳಗಿದೆ, ಬೀದಿದೀಪ ಹಗಲು ಯಾಕೆ ಉರಿಯುತ್ತದೆ, ಉರಿಯುವುದಾದರೆ ರಾತ್ರಿ ಯಾಕೆ ಉರಿಯುವುದಿಲ್ಲ. ಗ್ರಾಮಸಭೆಯ ಹಿಂದಿನ ದಿನ ನನಗೆ ತಲೆಶೂಲೆ ಬರುತ್ತಿದ್ದದ್ದು ಸುಮ್ಮನೆ ಅಲ್ಲ.

ಅವರು ಬಂದು ನನ್ನ ಪಕ್ಕದ ಬೆಂಚಿನಲ್ಲಿಯೇ ಕುಳಿತರು. "ಏನ್ರಿ ಮೇಡಮ್ಮಾರ, ನೀವೂ ಬಂದೀರೇನು? ಭಾಳ ಚಲೋ ಆತು."

"ನೀವೇನ್ರೀ ಕಾಕಾ ಇಲ್ಲೆ?" ಎಂದೆ.

"ಕಾರ್ಖಾನ್ಯಾಗ ಶಿಫ್ಟ್ ಮಾಡಕೋತನ ಬಿ.ಎ. ಮುಗಿಸಿದ್ದೆ. ಹಂಗ ಉಳಿದಿತ್ತು. ಜೀವನಾ ಎಲ್ಲಾ ಕಾಗದಾ ಮಾಡೂದ ಆತು, ಅದರ ಮ್ಯಾಲೆ ಏನ್ ಬರೀತಾರಂತ ಒಮ್ಮೆ ನೋಡೂಣು ಅಂತ ಬಂದೇನ್ರಿ."

ಓದು ಕಷ್ಟವೇನೂ ಆಗಿರಲಿಲ್ಲ. ನಾನು ದಿನಾ ಅನುಭವಿಸುವ ಪಡಿಪಾಟಲುಗಳಿಗೆಲ್ಲ ಪುಸ್ತಕದಲ್ಲಿ ಚೆಂದದ ಹೆಸರುಗಳಿದ್ದವು. ನಳದಲ್ಲಿ ನೀರು ಬರದಿದ್ದರೆ ಅದು ಸೇವಾ ವಿತರಣೆಯಲ್ಲಿನ ಅಂತರ. ಇಬ್ಬರು ಸದಸ್ಯರು ಮಾತು ಬಿಟ್ಟಿದ್ದರೆ ಅದು ಹಿತಾಸಕ್ತಿಗಳ ಸಂಘರ್ಷ. ಕಾಯಿಲೆಗೆ ಹೆಸರು ಗೊತ್ತಾದರೆ ಅರ್ಧ ವಾಸಿಯಾದಂತೆ ಅನ್ನಿಸುತ್ತದಲ್ಲ, ಹಾಗೆ ನಾನು ಸುಖವಾಗಿದ್ದೆ. ಆ ಸುಖ, ನಮ್ಮ ಸಂಯೋಜಕರಾದ ಪ್ರಾಧ್ಯಾಪಕರಿಗೆ ಒಂದು ಭಾನುವಾರ ಅಣಕು ಗ್ರಾಮಸಭೆ ಮಾಡಿಸುವ ಹುಮ್ಮಸ್ಸು ಬರುವವರೆಗೆ ಇತ್ತು. ಅವರಿಗೆ ನಮ್ಮಿಬ್ಬರ ಹಳೆಯ ನಂಟು ಗೊತ್ತಿತ್ತೋ ಇಲ್ಲವೋ, ಗುರುಸಿದ್ದಪ್ಪನವರನ್ನು ಅಭಿವೃದ್ಧಿ ಅಧಿಕಾರಿ ಮಾಡಿ ಕುರ್ಚಿಯಲ್ಲಿ ಕೂರಿಸಿದರು. ನನ್ನನ್ನು ನಾಗರಿಕಳನ್ನಾಗಿ ಮಾಡಿ ಹಿಂದಿನ ಬೆಂಚಿಗೆ ಕಳಿಸಿದರು.

ನಾನು ಎದ್ದು, "ನಮ್ಮ ಓಣ್ಯಾಗ ಗಟಾರ ತುಂಬಿ ರಸ್ತಾಕ್ಕ ಬಂದೈತಿ. ಯಾವಾಗ ತಗಸ್ತೀರಿ?" ಎಂದೆ.

ಗುರುಸಿದ್ದಪ್ಪ ಕನ್ನಡಕ ತೆಗೆದು, ಹೆಗಲ ಮೇಲಿನ ವಸ್ತ್ರದಿಂದ ನಿಧಾನವಾಗಿ ಒರೆಸಿದರು. ಉತ್ತರ ಹೊಳೆಯದಿದ್ದಾಗ ನಾನು ಸೆರಗಿನಿಂದ ಮಾಡುವ ಕೆಲಸ ಅದು. ಆಮೇಲೆ ಅಚ್ಚ ಕಚೇರಿ ಕನ್ನಡದಲ್ಲಿ, "ತಮ್ಮ ಬೇಡಿಕೆಯನ್ನು ದಾಖಲಿಸಿಕೊಳ್ಳಲಾಗಿದೆ" ಎಂದರು.

"ಯಾವಾಗ ತಗಸ್ತೀರಿ ಅಂತ ಕೇಳೀನಿ."

"ಅನುದಾನದ ಲಭ್ಯತೆಯನ್ನು ಆಧರಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು."

"ಅಲ್ಲಿ ತನಕಾ ನಮ್ಮ ಮಕ್ಕಳು ಹೊಲಸಿನ್ಯಾಗ ತುಳಕೋತ ಸಾಲಿಗೆ ಹೋಗಬೇಕೇನು?"

"ಮುಂದಿನ ವಿಷಯ" ಎಂದರು ಗುರುಸಿದ್ದಪ್ಪ.

ಗಟಾರವೂ ಇಲ್ಲ, ಮಕ್ಕಳೂ ಇಲ್ಲ ಎಂಬುದು ನನಗೆ ಮರೆತೇಹೋಯಿತು. "ನೀವೇನು ಮನುಷ್ಯಾರೋ, ಕಲ್ಲೋ?" ಎಂದು ಚೀರಿಬಿಟ್ಟೆ. ಇಡೀ ತರಗತಿ ಚಪ್ಪಾಳೆ ತಟ್ಟಿತು. ಪ್ರಾಧ್ಯಾಪಕರು ನನ್ನ ಅಭಿನಯವನ್ನು ಮೆಚ್ಚಿಕೊಂಡರು. ಹೊರಗೆ ಚಹಾ ಕುಡಿಯುವಾಗ ಗುರುಸಿದ್ದಪ್ಪ ಹತ್ತಿರ ಬಂದು, "ತಪ್ಪ ತಿಳೀಬ್ಯಾಡ್ರಿ ಮೇಡಮ್ಮಾರ, ಕೇಳಿ ಕೇಳಿ ಬಾಯಿಪಾಠ ಆಗೇತಿ" ಎಂದರು. ನಾನು ಚಹಾ ಅರ್ಧಕ್ಕೆ ಬಿಟ್ಟೆ. ಮನೆಗೆ ಬಂದು ಗಂಡನಿಗೆ ಹೇಳಿದರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡು ದಿನ ಅವರು ಚಹಾ ಕೇಳಿದಾಗಲೂ ನಾನು ಸೂಕ್ತ ಕ್ರಮ ಕೈಗೊಳ್ಳಲಿಲ್ಲ.

ಮೊದಲ ಸೆಮಿಸ್ಟರಿನ ಫಲಿತಾಂಶ ಬಂತು. ನಾನು ಪಾಸಾಗಿದ್ದೆ. ಗುರುಸಿದ್ದಪ್ಪ ನೀತಿ ಸಿದ್ಧಾಂತದ ಪತ್ರಿಕೆಯಲ್ಲಿ ಫೇಲಾಗಿದ್ದರು. ಮುಂದಿನ ಭಾನುವಾರ ಅವರ ಬೆಂಚು ಖಾಲಿ. ಅದರ ಮುಂದಿನ ಭಾನುವಾರವೂ ಖಾಲಿ. ನಾನು ಆ ಬೆಂಚಿನ ಮೇಲೂ ಪುಸ್ತಕ ಹರಡಿಕೊಂಡು ಕುಳಿತೆ.

ಅದೇ ಹೊತ್ತಿಗೆ ನಮ್ಮೂರಿನ ಗ್ರಾಮಸಭೆ ಬಂತು. ಅಲ್ಲಿಗೂ ಅವರು ಬರಲಿಲ್ಲ. ನಾನು ಕ್ರಿಯಾಯೋಜನೆ ಓದಿದೆ, ಕೇಳುವುದಿದೆಯೇ ಎಂದೆ, ಜನ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಏಳಲಿಲ್ಲ. ಅಧ್ಯಕ್ಷರು ವಂದನಾರ್ಪಣೆ ಮಾಡಿಯೇಬಿಟ್ಟರು. ಇಷ್ಟು ಬೇಗ ಮುಗಿದ ಗ್ರಾಮಸಭೆಯನ್ನು ನನ್ನ ನೌಕರಿಯಲ್ಲಿ ನಾನು ಕಂಡಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಿ, ಅತ್ತೆಯವರ ಕೈಯ ಬಿಸಿ ರೊಟ್ಟಿ ತಿಂದು, ಸುಶಾಸನವೆಂದರೆ ಇದೇ ಇರಬೇಕು ಅಂದುಕೊಂಡೆ.

ವಾರ ಕಳೆಯುವುದರೊಳಗೆ ಮೇಲಿನ ಓಣಿಯ ಹೆಂಗಸರು ಖಾಲಿ ಕೊಡ ಹೊತ್ತು ಕಚೇರಿಗೆ ಬಂದರು. ಮುಂದೆ ಶಾಂತವ್ವ. ಹೊಸ ನೀರಿನ ಪೈಪು ಮೇಲಿನ ಓಣಿಗೆ ಬರುತ್ತದೆಂದು ಹೋದ ಬೇಸಿಗೆಯಿಂದ ಕಾದಿದ್ದರಂತೆ. ಈಗ ನೋಡಿದರೆ ಕೆಳಗಿನ ಓಣಿಯಲ್ಲಿ ಅಳತೆ ಹಾಕುತ್ತಿದ್ದಾರೆ, ಅಲ್ಲಿ ಮೊದಲೇ ನಳ ಇದೆ. ನಾನು ಯೋಜನೆ ತೆಗೆದು ನೋಡಿದೆ. ಓಣಿಯ ಹೆಸರು ಅದಲುಬದಲಾಗಿತ್ತು. ಸಿದ್ಧಪಡಿಸಿದ್ದು ನಾನು, ಸಭೆಯಲ್ಲಿ ಗಟ್ಟಿಯಾಗಿ ಓದಿದ್ದೂ ನಾನು.

"ಸಭಾದಾಗ ಓದಿದ್ನಲ್ಲ ಶಾಂತವ್ವಾ, ಅವಾಗ ಯಾಕ ಕೇಳಲಿಲ್ಲ ನೀವು?"

"ನಾವ್ಯಾಕ ಕೇಳೂಣ್ರಿ? ಕಾಕಾ ಕೇಳ್ತಾರಂತ ಸುಮ್ನ ಕುಂತಿದ್ವಿ. ಅವರು ಬರಲೇ ಇಲ್ಲ" ಎಂದಳು ಶಾಂತವ್ವ, ತಪ್ಪೆಲ್ಲ ಕಾಕಾನದೇ ಎಂಬಂತೆ.

ಸಂಜೆ ನಾನು ಗುರುಸಿದ್ದಪ್ಪನವರ ಮನೆಗೆ ಹೋದೆ. ಅವರ ಹೆಂಡತಿ ನೀಲವ್ವ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡರು. "ಬರ್ರಿ ಮೇಡಮ್ಮಾರ, ದೇವರು ಬಂದಂಗ ಬಂದ್ರಿ. ಊರಾಗ ಕೇಳೂದು ಬಿಟ್ಟಾರ, ಈಗ ಮನ್ಯಾಗ ಹಚ್ಯಾರ. ಸಾರಿಗೆ ಉಪ್ಪು ಯಾಕ ಇಷ್ಟು ಹಾಕಿದಿ, ಹಾಲಿನವಗ ಯಾಕ ಹಂಗ ಅಂದಿ, ಬೆಕ್ಕು ಯಾಕ ಒಳಗ ಬಂತು. ಬೆಕ್ಕು ನನ್ನ ಕೇಳಿ ಬರತೈತೇನ್ರಿ? ಇವರನ್ನ ಕರಕೊಂಡು ಹೋಗ್ರಿ, ಪುಣ್ಯಾ ಬರತೈತಿ."

ಗುರುಸಿದ್ದಪ್ಪ ಪಡಸಾಲೆಯಲ್ಲಿ ಟೋಪಿಯಿಲ್ಲದೆ ಕುಳಿತಿದ್ದರು. ಟೋಪಿಯಿಲ್ಲದ ಅವರನ್ನು ನಾನು ನೋಡಿದ್ದು ಅದೇ ಮೊದಲು. ಬಹಳ ವಯಸ್ಸಾದವರಂತೆ ಕಂಡರು.

"ವಿಕೇಂದ್ರೀಕರಣದ ಲಾಭಗಳನ್ನು ವಿವರಿಸಿ ಅಂತ ಕೊಟ್ಟಿದ್ರು ಮೇಡಮ್ಮಾರ. ಯಾರಿಗೆ ಲಾಭ, ಅಂತ ಬರದೆ. ಖರೇನ ತಿಳೀದ ಬರದೆ. ಸೊನ್ನಿ ಕೊಟ್ಟಾರ." ಬರಿತಲೆ ಸವರಿಕೊಂಡು, "ನನಗ ಪ್ರಶ್ನಾ ಕೇಳಾಕಷ್ಟ ಬರತೈತ್ರಿ. ಉತ್ತರಾ ಬರಿಯಾಕ ಬರಂಗಿಲ್ಲ. ಉತ್ತರಾ ಗೊತ್ತಿಲ್ಲದವ ಊರ ಮುಂದ ನಿಂತು ಏನ್ ಕೇಳೂದು? ಮಂದಿ ನಗ್ತಾರ" ಎಂದರು.

ಇಷ್ಟು ವರ್ಷ ಈ ಮನುಷ್ಯ ಸುಮ್ಮನಾದರೆ ಸಾಕು ಎಂದು ನಾನು ಹರಕೆ ಹೊರುವುದೊಂದೇ ಬಾಕಿಯಿತ್ತು. ಈಗ ಸುಮ್ಮನಾಗಿದ್ದರು, ನನಗೆ ನೋಡಲಾಗಲಿಲ್ಲ.

"ಉತ್ತರ ಬರಿಯೂದು ನನಗ ಬರತೈತಿ ಕಾಕಾ. ನನ್ನ ಹೊಟ್ಟಿಪಾಡ ಅದು. ನಾ ಹೇಳಿಕೊಡ್ತೇನಿ. ನೀವು ಸಭಾಕ್ಕ ಬರ್ರಿ" ಎಂದೆ. ಮೇಲಿನ ಓಣಿಯ ಸಂಗತಿಯನ್ನೂ ಹೇಳಿದೆ. ಅವರು ಎದ್ದು ಗೂಟಕ್ಕೆ ತೂಗುಹಾಕಿದ್ದ ಟೋಪಿ ತೆಗೆದುಕೊಂಡರು.

ವಿಶೇಷ ಗ್ರಾಮಸಭೆ ಕರೆಸಲು ಅಧ್ಯಕ್ಷರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಕೆಳಗಿನ ಓಣಿಯವರು ಅವರ ಬೀಗರು. "ಆದದ್ದು ಆಗಿಹೋತು, ಮುಂದಿನ ವರ್ಷ ನೋಡೂಣು" ಎಂದರು. ಹಿತಾಸಕ್ತಿಗಳ ಸಂಘರ್ಷದ ಅಧ್ಯಾಯವನ್ನು ನಾನು ಎರಡು ಬಾರಿ ಓದಿದ್ದೆ. ಅದರಲ್ಲಿ ಬೀಗರ ಪ್ರಸ್ತಾಪ ಇರಲಿಲ್ಲ. ಕೊನೆಗೆ ಶಾಂತವ್ವ ಮತ್ತು ಸಂಗಡಿಗರು ಕೊಡ ಹೊತ್ತು ಅಧ್ಯಕ್ಷರ ಮನೆಯ ಕಟ್ಟೆಗೇ ಹೋಗಿ ಕುಳಿತರು. ಸಭೆಗೆ ದಿನ ಗೊತ್ತಾಯಿತು.

ಸಭೆಯಲ್ಲಿ ಗುರುಸಿದ್ದಪ್ಪ ಎದ್ದರು. "ಒಂದ ಒಂದು ಪ್ರಶ್ನಾ ಐತ್ರಿ. ನೀರು ಇದ್ದಲ್ಲಿಗೆ ಪೈಪ್ ಹೊಂಟೈತಿ, ಇಲ್ಲದಲ್ಲಿಗೆ ಇಲ್ಲ. ಇದು ಹೆಂಗ?"

ನನ್ನ ಕೈ ತಾನಾಗಿಯೇ ಕನ್ನಡಕಕ್ಕೆ ಹೋಯಿತು. ಹಿಂದಕ್ಕೆ ತೆಗೆದುಕೊಂಡು, "ನಂದ ತಪ್ಪಾಗೈತಿ ಕಾಕಾ. ಓಣಿ ಹೆಸರು ಅದಲಿಬದಲಿ ಬರದೇನಿ. ಇವತ್ತ ತಿದ್ದೂಣು" ಎಂದೆ.

ಗುರುಸಿದ್ದಪ್ಪ ಬಾಯಿ ತೆರೆದು ನಿಂತೇ ಇದ್ದರು. ಅವರು ಸಿದ್ಧಮಾಡಿಕೊಂಡು ಬಂದಿದ್ದ ಉಳಿದ ಪ್ರಶ್ನೆಗಳೆಲ್ಲ ನನ್ನ ಮಾಮೂಲು ಉತ್ತರಕ್ಕೆ ತಕ್ಕವು. ಸುತ್ತ ನೋಡಿ, "ಹಂಗಾರ ಆತ್ರಿ" ಎಂದು ಕುಳಿತುಬಿಟ್ಟರು. ಠರಾವು ತಿದ್ದಿಸಿದೆವು. ಅಧ್ಯಕ್ಷರ ಬೀಗರು ಚಹಾಕ್ಕೂ ನಿಲ್ಲದೆ ಹೋದರು. ಮಳೆಗಾಲಕ್ಕೆ ಮುಂಚೆ ಮೇಲಿನ ಓಣಿಯಲ್ಲಿ ನೀರು ಬಂತು. ದಿನ ಬಿಟ್ಟು ದಿನ ಬರುತ್ತದೆ, ಅದು ಬೇರೆ ಮಾತು.

ಆಮೇಲೆ ಶನಿವಾರದ ಸಂಜೆಗಳಲ್ಲಿ ನಾನು ಅವರಿಗೆ ಉತ್ತರ ಬರೆಯುವುದನ್ನು ಕಲಿಸಿದೆ. ಪೀಠಿಕೆ, ಅರ್ಥ, ಲಕ್ಷಣ, ಉಪಸಂಹಾರ. ಪ್ರತಿ ವಾಕ್ಯಕ್ಕೂ "ಇದು ಖರೇ ಏನ್ರಿ?" ಎನ್ನುತ್ತಿದ್ದರು. ಖರೆಯೋ ಅಲ್ಲವೋ ಎಂದು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ, ಅಂಕ ಬಂದಿತ್ತು ಅಷ್ಟೆ. ಅವರು ಮರುಪರೀಕ್ಷೆಯಲ್ಲಿ ಏದುಸಿರು ಬಿಡುತ್ತಾ ಪಾಸಾದರು. ಕೊನೆಯ ಮೌಖಿಕ ಪರೀಕ್ಷೆಯಲ್ಲಿ ಮಾತ್ರ ಅವರಿಗೆ ನನಗಿಂತ ಹೆಚ್ಚು ಅಂಕ ಬಂತು. ಪರೀಕ್ಷಕರು ಹೊರಗೆ ಬಂದಾಗ ಬೆವರುತ್ತಿದ್ದರು. ಒಳಗೆ ಯಾರು ಯಾರನ್ನು ಕೇಳಿದರೋ ನಾನು ವಿಚಾರಿಸಲಿಲ್ಲ.

ಪದವಿ ಕೈಗೆ ಬಂದ ವರ್ಷವೇ ನನಗೆ ಜೋಯಿಡಾ ತಾಲ್ಲೂಕಿಗೆ ವರ್ಗವಾಯಿತು. ಸುತ್ತ ಕಾಡು, ಜನರ ಮಾತು ಕೊಂಕಣಿ, ನನಗೆ ಕೊಂಕಣಿಯ ಗಂಧಗಾಳಿಯಿಲ್ಲ. ಮೊದಲ ಗ್ರಾಮಸಭೆಗೆ ನಾನು ಮದುವಣಗಿತ್ತಿಯಂತೆ ತಯಾರಾಗಿ ಹೋದೆ. ಕ್ರಿಯಾಯೋಜನೆಯನ್ನು ಬಿಡಿಸಿ ಬಿಡಿಸಿ ವಿವರಿಸಿದೆ. ಪ್ರಜಾಪ್ರಭುತ್ವದಲ್ಲಿ ಪ್ರಶ್ನೆಯ ಮಹತ್ವದ ಬಗ್ಗೆ, ನನಗೆ ಅಂಕ ತಂದುಕೊಟ್ಟಿದ್ದ ಉತ್ತರವನ್ನು ಉಪಸಂಹಾರ ಸಹಿತ ಒಪ್ಪಿಸಿದೆ. ಕಾರ್ಯದರ್ಶಿ ಅದನ್ನೆಲ್ಲ ಎರಡೇ ಮಾತಿನಲ್ಲಿ ಕೊಂಕಣಿಗೆ ತಿರುಗಿಸಿದ. ಜನ ನನ್ನನ್ನೇ ನೋಡುತ್ತಾ ಕುಳಿತರು. ನಾನು ಕಾದೆ. "ಹೆದರಬೇಡಿ, ಕೇಳಿ" ಎಂದೆ. ಬಹಳ ಹೊತ್ತಿನ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಕೈ ಎತ್ತಿ ಏನೋ ಕೇಳಿದಳು. ನನ್ನ ಕಣ್ಣು ತುಂಬಿ ಬಂತು. ಕಾರ್ಯದರ್ಶಿಯ ಕಡೆ ಬಾಗಿ, "ಏನು ಕೇಳಿದರು, ಅವರ ಮಾತಿನಲ್ಲೇ ಹೇಳಿ" ಎಂದೆ.

"ಏನಿಲ್ಲ ಮೇಡಂ" ಎಂದ ಆತ ಸಂಕೋಚದಿಂದ, "ಇದು ಎಷ್ಟೊತ್ತಿಗೆ ಮುಗಿಯುತ್ತದೆ ಅಂತ ಕೇಳುತ್ತಿದ್ದಾರೆ. ಬಸ್ಸು ಹೋಗಿಬಿಟ್ಟರೆ ನಾಳೆಯೇ."

ನಡಾವಳಿಯಲ್ಲಿ ಅದನ್ನೇ ಒಂದನೆಯ ಪ್ರಶ್ನೆ ಎಂದು ಬರೆಸಿದೆ. ಬರೆಸಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿತ್ತು. ಅಜ್ಜಿಯನ್ನೂ ಅವಳ ನೆರೆಯವರನ್ನೂ ಪಂಚಾಯಿತಿಯ ಖರ್ಚಿನಲ್ಲಿ ಜೀಪು ಬಾಡಿಗೆಗೆ ಹಿಡಿದು ಊರು ಮುಟ್ಟಿಸಬೇಕಾಯಿತು. ದಾರಿಯುದ್ದಕ್ಕೂ ಅಜ್ಜಿ ಮಾತಾಡುತ್ತಲೇ ಇದ್ದಳು, ಎಲ್ಲರೂ ನನ್ನ ಕಡೆ ನೋಡಿ ನಗುತ್ತಿದ್ದರು. ಒಂದು ಶಬ್ದವೂ ತಿಳಿಯದ ಸ್ನಾತಕೋತ್ತರ ಪದವೀಧರೆಯಾದ ನಾನೂ ಜೊತೆಗೆ ನಕ್ಕೆ.