ನಾಲ್ಕನೆಯ ಬಾಟಲಿ ಮತ್ತು ನನ್ನ ನಾಲಿಗೆ

ರುಚಿ ನೋಡುವ ಕೆಲಸವನ್ನೂ ಬಡಾಯಿ ಕೊಚ್ಚುವ ಕೆಲಸವನ್ನೂ ದೇವರು ಒಂದೇ ನಾಲಿಗೆಗೆ ಯಾಕೆ ಒಪ್ಪಿಸಿದನೋ ನನಗೆ ಗೊತ್ತಿಲ್ಲ. ನನ್ನದಂತೂ ಎರಡನೆಯ ಕೆಲಸದಲ್ಲಿ ಬಹಳ ಚುರುಕು. ಮಸ್ಕತ್ತಿನ ನಮ್ಮ ಆಫೀಸಿನಲ್ಲಿ ಒಂದು ದಿನ ಊಟದ ಹೊತ್ತಿಗೆ, "ನಮ್ಮೂರಿನ ಕಳ್ಳು ಒಂದು ಗುಟುಕು ಕುಡಿದರೆ ಸಾಕು, ಯಾವ ತೋಟದ ಯಾವ ಮರದ್ದು ಅಂತ ಹೇಳಿಬಿಡ್ತೇನೆ" ಎಂದುಬಿಟ್ಟೆ. ನಾನು ಊರು ಬಿಟ್ಟು ಇಪ್ಪತ್ತು ವರ್ಷವಾಗಿದೆ. ಅಲ್ಲಿದ್ದಾಗಲೂ ಕುಡಿದದ್ದು ನಾಲ್ಕೋ ಐದೋ ಸಲ, ಅದೂ ಅಪ್ಪನ ಕಣ್ಣು ತಪ್ಪಿಸಿ. ಆದರೆ ಮಾತು ನೇರವಾಗಿ ಹೋಗಿ ನಮ್ಮ ಅಮೆರಿಕನ್ ಮ್ಯಾನೇಜರ್ ಡಗ್ ಸಾಹೇಬರ ಕಿವಿಗೆ ಬಿತ್ತು.

ಸಾಹೇಬರು ರಜೆ ಮುಗಿಸಿ ಬರುವಾಗ ಅಂಗಿಗಳ ನಡುವೆ ಸುತ್ತಿ ನಾಲ್ಕು ಬಾಟಲಿ ತಂದರು. ಬೆಲ್ಜಿಯಂನಲ್ಲಿ ಹುಟ್ಟಿದ ಗೋಧಿ ಬಿಯರಂತೆ. ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುತ್ತಾರಂತೆ. ಈಗ ಅಮೆರಿಕದ ಚಿಕ್ಕ ಚಿಕ್ಕ ಬ್ರೂವರಿಯವರು ಅದನ್ನೇ ತಮ್ಮ ಕೈಗುಣಕ್ಕೆ ತಕ್ಕಂತೆ ಮಾಡುತ್ತಾರಂತೆ; ನಾಲ್ಕು ಬಾಟಲಿಯೂ ಬೇರೆ ಬೇರೆ ಬ್ರೂವರಿಯವು. ಕೊತ್ತಂಬರಿ ಎಂದಾಗ ನನಗೆ ನೆನಪಾದದ್ದು ಕೋಳಿ ಸಾರು, ಆದರೂ ಗಂಭೀರವಾಗಿ ತಲೆ ಅಲ್ಲಾಡಿಸಿದೆ. ಸಾಹೇಬರು ಮನೆ ಬದಲಾಯಿಸುತ್ತಿದ್ದುದರಿಂದ ಬಾಟಲಿಗಳು ಅಲ್ ಗುಬ್ರಾದ ನಮ್ಮ ಫ್ಲ್ಯಾಟಿನ ಫ್ರಿಜ್ಜಿಗೆ ಬಂದವು. "ಅಲುಗಾಡಿಸಬೇಡ, ತಳದಲ್ಲಿ ಯೀಸ್ಟ್ ಇದೆ. ಶುಕ್ರವಾರ ಮಧ್ಯಾಹ್ನ ಬರುತ್ತೇನೆ, ನಿನ್ನ ನಾಲಿಗೆಯ ಪರೀಕ್ಷೆ" ಎಂದರು.

ಶುಕ್ರವಾರ ಬೆಳಿಗ್ಗೆ ಫ್ರಿಜ್ ತೆರೆದರೆ ಮೂರೇ ಬಾಟಲಿ! ಒಲೆಯ ಪಕ್ಕದ ಪಾತ್ರೆಯಲ್ಲಿ ಹಿಟ್ಟು ಮುಚ್ಚಳವನ್ನೇ ಎತ್ತಿಕೊಂಡು ಉಬ್ಬಿ ನಿಂತಿತ್ತು. ನನ್ನ ಹೆಂಡತಿ ಲಿಲ್ಲಿ ಅದರ ಮುಂದೆ ಮೊದಲ ಮೊಮ್ಮಗುವನ್ನು ನೋಡುವವಳಂತೆ ನಿಂತಿದ್ದಳು. ಸಾನ್ನದ ಹಿಟ್ಟು. ಅಕ್ಕಿ ಅರೆದು, ಕಳ್ಳು ಹಾಕಿ ಉಬ್ಬಿಸಿ, ಹಬೆಯಲ್ಲಿ ಬೇಯಿಸುವ ಸಾನ್ನ ಇಲ್ಲದೆ ನಮ್ಮ ಮಂಗಳೂರು ಕ್ರಿಶ್ಚಿಯನ್ನರ ಹಬ್ಬವೇ ಇಲ್ಲ. ಇಲ್ಲಿ ಕಳ್ಳು ಎಲ್ಲಿಂದ ಬರಬೇಕು? ಪೊಟ್ಟಣದ ಯೀಸ್ಟ್ ಹಾಕಿ ಅವಳು ಮಾಡುತ್ತಿದ್ದ ಸಾನ್ನವನ್ನು ಬೀಸಿ ಎಸೆದರೆ ಕಾಗೆ ಸಾಯುತ್ತಿತ್ತು.

"ಅಯ್ಯೋ, ಸಾಹೇಬರ ಬಾಟ್ಲಿ!" ಎಂದು ಕಿರುಚಿದೆ.

"ಎಂತ ಬೊಬ್ಬೆ ಮಾರಾಯ್ರೆ? ಬಾಟ್ಲಿ ಮೇಲೆ ಬರೆದದ್ದು ಓದ್ಲಿಕ್ಕೆ ಬರುವುದಿಲ್ವಾ? ಜೀವಂತ ಯೀಸ್ಟ್ ಉಂಟಂತೆ. ನಾಲ್ಕರಲ್ಲಿ ಒಂದು ತೆಗೆದೆ, ಅಷ್ಟೆ."

ಸಾಹೇಬರು ಏಳು ಸಮುದ್ರ ದಾಟಿಸಿ ತಂದದ್ದನ್ನು ಮೂರು ದಿನ ಕಾಯಲಾಗದವನು ಎಂದು ಆಫೀಸಿನಲ್ಲಿ ಹೆಸರಾದರೆ ನಾನು ಮುಖ ತೋರಿಸುವುದು ಹೇಗೆ? ಕುಡಿದುಬಿಟ್ಟ ಎಂದೇ ಎಲ್ಲರೂ ಹೇಳುತ್ತಾರೆ. ಸಾನ್ನ ಎಂದರೆ ಯಾರು ನಂಬುತ್ತಾರೆ? ಕೆಳಗಿನ ಕಿರಾಣಿ ಅಂಗಡಿಗೆ ಓಡಿ ಅಮಲಿಲ್ಲದ ಮಾಲ್ಟ್ ಪಾನೀಯದ ಒಂದು ಬಾಟಲಿ ತಂದೆ. ಕೊತ್ತಂಬರಿ ಬೀಜ ಜಜ್ಜಿ, ಪಕ್ಕದ ಬರ್ಕಾ ಊರಿನಿಂದ ತಂದಿದ್ದ ಕಿತ್ತಳೆಯ ಸಿಪ್ಪೆ ಸೇರಿಸಿ ಕುದಿಸಿ, ಸೋಸಿ ಅದಕ್ಕೆ ಬೆರೆಸಿದೆ. ಮಬ್ಬು ಬರಲೆಂದು ಎರಡು ಚಮಚ ಅಕ್ಕಿ ತೊಳೆದ ನೀರು. ಯಾವ ಲೋಟದಲ್ಲಿ ಯಾವ ಬಾಟಲಿಯದೆಂದು ಕುಡಿಯುವವರಿಗೆ ತಿಳಿಯಬಾರದಾದ್ದರಿಂದ ಅಡುಗೆಮನೆಯಲ್ಲೇ ಲೋಟಗಳಿಗೆ ಸುರಿದು ನಂಬರ್ ಹಾಕುವ ಕೆಲಸ ಲಿಲ್ಲಿಯದು.

"ಸುರಿದು ಕೊಡ್ತೇನೆ. ಆದ್ರೆ ಯಾರಾದ್ರೂ ಕೇಳಿದ್ರೆ ನಾನು ಸುಳ್ಳು ಹೇಳುವವಳಲ್ಲ" ಎಂದಳು.

ಸಾಹೇಬರು ಟ್ಯಾಕ್ಸಿಯಲ್ಲಿ ಬಂದರು. ನನ್ನ ಉಪಾಯ ಸರಳ: ನಕಲಿಯನ್ನು ಗುರುತಿಸಿ, ಅದಕ್ಕೆ ಕಡಿಮೆ ಅಂಕ ಕೊಟ್ಟು, ಹೆಚ್ಚು ಮಾತಾಗದಂತೆ ಮುಗಿಸಿಬಿಡುವುದು. ಎರಡನೆಯ ಲೋಟ ಮೂಗಿಗೆ ಹಿಡಿದೊಡನೆ ಕಳ್ಳ ಸಿಕ್ಕಿಬಿದ್ದ. ಅಪ್ಪಟ ಅಡುಗೆಮನೆಯ ವಾಸನೆ! "ಇದು ಬಿಯರೇ ಅಲ್ಲ ಸರ್, ಜ್ವರದ ಕಷಾಯ" ಎಂದು ಎರಡು ಅಂಕ ಕೊಟ್ಟೆ. ಸಾಹೇಬರ ಹುಬ್ಬು ಮೇಲೇರಿತು. ಮೂರನೆಯದು ಮಾತ್ರ ಆಹಾ! ಒಂಬತ್ತು ಅಂಕ ಬರೆದು, ಲೋಟ ಖಾಲಿ ಮಾಡಿ, "ಇದು ಸೀದಾ ತಲೆಗೇ ಹೋಯಿತು ನೋಡಿ" ಎಂದು ಸೋಫಾಕ್ಕೆ ಒರಗಿದೆ. ನಿಜವಾಗಿಯೂ ಸ್ವಲ್ಪ ತಿರುಗುತ್ತಿತ್ತು.

ಲಿಲ್ಲಿ ಹೊರಗೆ ಬಂದು ಚೀಟಿ ಓದಿದಳು. ಎರಡನೆಯದು ಸಾಹೇಬರ ಸ್ವಂತ ಊರಿನ ಬ್ರೂವರಿಯದು. ಮೂರನೆಯದರ ಹೆಸರು ಹೇಳದೆ, "ಮೊದಲು ಬಿಸಿ ತಿನ್ನಿ" ಎಂದು ಸಾನ್ನ, ಕೋಳಿ ಸಾರು ಇಟ್ಟಳು. ಹತ್ತಿಯಂತಹ ಸಾನ್ನ! ಸಾಹೇಬರು ಮೂರು ತಿಂದು, ಇಷ್ಟು ಮೃದು ಹೇಗೆ ಬಂತು ಎಂದು ಕೇಳಿಯೇಬಿಟ್ಟರು.

"ನಿಮ್ಮದೇ ಬಿಯರ್ ಸರ್. ನಾಲ್ಕನೇ ಬಾಟ್ಲಿ."

ಸಾಹೇಬರು ಸಾನ್ನವನ್ನು ನೋಡಿದರು, ನಾಲ್ಕು ಲೋಟಗಳನ್ನು ನೋಡಿದರು. ಕೊನೆಗೆ ತಲೆ ತಿರುಗಿ ಒರಗಿದ್ದ ನನ್ನನ್ನು ನೋಡಿದರು. ನಾನು ಚಕ್ಕನೆ ನೆಟ್ಟಗೆ ಕುಳಿತೆ. ಅವರು ನಕ್ಕ ನಗೆಗೆ ಕೆಳಗಿನ ಮನೆಯವರು ಬಂದು ಬೆಲ್ ಒತ್ತಿದರು.

ಈಗಲೂ ಸಾಹೇಬರು ರಜೆಯಿಂದ ಬಂದಾಗ ಬಾಟಲಿ ತರುತ್ತಾರೆ, ನೇರವಾಗಿ ಲಿಲ್ಲಿಯ ಕೈಗೆ ಕೊಡುತ್ತಾರೆ. ಅರ್ಧ ಹಿಟ್ಟಿಗೆ, ಅರ್ಧ ಅವರಿಗೆ. ನನ್ನ ಮುಂದೆ ಅದೇ ಅಮಲಿಲ್ಲದ ಮಾಲ್ಟ್ ಪಾನೀಯ, ಕೊತ್ತಂಬರಿ ಕಷಾಯ ಸೇರಿಸಿದ್ದು. ದೂರಲು ಬಾಯಿಲ್ಲ, ನನ್ನ ಕೈಬರಹದ ಒಂಬತ್ತು ಅಂಕದ ಆ ಹಾಳೆಯನ್ನು ಲಿಲ್ಲಿ ಫ್ರಿಜ್ಜಿನ ಬಾಗಿಲಿಗೇ ಅಂಟಿಸಿಟ್ಟಿದ್ದಾಳೆ.