ತಪ್ಪಿಸಿ ಹೊಡೆಯುವ ದುರ್ಬೀನು

ಬಂದೂಕು ಮಾರುವ ಅಂಗಡಿಯಲ್ಲಿ ನಗುವಂಥದ್ದೇನು ನಡೆದೀತು ಎಂದು ಕೇಳುವವರು ಬಹಳ. ದಿನಾ ನಡೆಯುತ್ತದೆ, ಗಿರಾಕಿಯ ಎದುರಿಗೆ ನಗುವಂತಿಲ್ಲ, ಅಷ್ಟೇ. ಐವತ್ತರ ದಶಕದ ಮಾತು. ನಮ್ಮ ಕಡೆ ಇನ್ನೂ ಮುಂಬಯಿ ಸರಕಾರವೇ ಇತ್ತು. ನಾನು ಬಾಗಲಕೋಟೆಯ ಪೇಟೆಯಲ್ಲಿ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಒಂದು ಕಪಾಟಿನಲ್ಲಿ ಕಣ್ಣಿಗೆ ಹಾಕುವ ಚಾಳೀಸು, ಇನ್ನೊಂದರಲ್ಲಿ ಗಡಿಯಾರ, ಎರಡು ಕೀಲಿ ಹಾಕಿದ ಮೂರನೆಯದರಲ್ಲಿ ಬಂದೂಕು, ಕಾಡತೂಸು. ಚಾಳೀಸು ಕೊಳ್ಳಲು ಬಂದವರು ಬಂದೂಕು ನೋಡಿ ಹೆದರುತ್ತಿದ್ದರು. ಬಂದೂಕಿಗೆಂದು ಬಂದವರ ಕಣ್ಣು ಪರೀಕ್ಷೆ ಮಾಡಿ ನಮ್ಮ ಸಾವಕಾರರು ಮೊದಲು ಒಂದು ಚಾಳೀಸು ಕಟ್ಟಿ ಕಳಿಸುತ್ತಿದ್ದರು.

ಹೇಳುತ್ತ ಹೋದರೆ ಮುಗಿಯುವುದಿಲ್ಲ. ಬಾದಾಮಿಯ ಒಬ್ಬ ನಿವೃತ್ತ ಹೆಡ್‌ಮಾಸ್ತರರು ತಮ್ಮ ಸಣ್ಣ ರೈಫಲ್ಲಿಗೆ ದುರ್ಬೀನು ಆರಿಸಿದ ಸಂಗತಿಯಷ್ಟೇ ಹೇಳುತ್ತೇನೆ. ಆ ಒಂದು ದುರ್ಬೀನಿನಿಂದ ನಾನು ಮೂರು ಊರಿನಲ್ಲಿ ನಗು ನುಂಗಿಕೊಂಡು ನಿಂತಿದ್ದೇನೆ.

ಗುರಿ ತಪ್ಪಲೇಬೇಕು

ಹೆಡ್‌ಮಾಸ್ತರರು ಕರಿ ಕೋಟು, ಕರಿ ಟೊಪ್ಪಿಗೆ, ಕಂಕುಳಲ್ಲಿ ಕೊಡೆ ಇಟ್ಟುಕೊಂಡು ಬೆಳಗಿನ ಗಾಡಿಗೆ ಬಾದಾಮಿಯಿಂದ ಬಂದರು. ಕುರ್ಚಿಯ ಮೇಲೆ ಕೂತು, ಹಾಜರಿ ತೆಗೆದುಕೊಳ್ಳುವವರಂತೆ ನಮ್ಮಿಬ್ಬರನ್ನೂ ನೋಡಿದರು.

"ರೈಫಲ್ಲಿಗೆ ಹಚ್ಚೂ ದುರ್ಬೀನು ಬೇಕಾಗೇದ," ಎಂದರು. "ಪಾಯಿಂಟ್ ಟೂ ಟೂ, ಸಣ್ಣದು. ಪೇರಲ ತೋಟಕ್ಕ ಮಂಗ್ಯಾಗೋಳ ಕಾಟ ಭಾಳ ಆಗೇದ."

ಸಾವಕಾರರಿಗೆ ಹುರುಪು ಬಂತು. "ಚಿಂತಿ ಬಿಡ್ರಿ ಸರ್. ನಮ್ಮ ದುರ್ಬೀನು ಹಚ್ಚಿದ್ರಂದ್ರ ಒಂದ ಗುಂಡಿಗೆ ಒಂದ ಮಂಗ್ಯಾ ಕೆಳಗ ಬೀಳತೈತಿ."

ಹೆಡ್‌ಮಾಸ್ತರರು ಎರಡೂ ಕಿವಿ ಮುಚ್ಚಿಕೊಂಡರು. "ಛೇ ಛೇ, ಬಿಡ್ತು ಅನ್ರಿ! ಮಾರುತಿ ವಂಶ ಅದು. ನನಗ ಹೊಡೀಲಿಕ್ಕೆ ಬ್ಯಾಡ, ತಪ್ಪಿಸಲಿಕ್ಕೆ ದುರ್ಬೀನು ಬೇಕು!"

ಸಂಗತಿ ಹೀಗಿತ್ತು. ಮೊದಲು ಅವರು ಆಕಾಶಕ್ಕೆ ಗುಂಡು ಹಾರಿಸುತ್ತಿದ್ದರು. ನಾಲ್ಕು ದಿನ ಮಂಗಗಳು ಓಡಿದವು. ಐದನೆಯ ದಿನ ಸಪ್ಪಳವಾದರೂ ಬಾಯಿ ಆಡಿಸುವುದನ್ನು ನಿಲ್ಲಿಸಲಿಲ್ಲ. ಇನ್ನು ಮಂಗಗಳು ಕೂತಲ್ಲಿಂದ ಒಂದು ಗೇಣು ಆಚೆಗೆ ಕೊಂಬೆ ಮುರಿದರೆ ಮಾತ್ರ ಹೆದರುತ್ತವೆ ಎಂದು ಹಾಗೆ ಮಾಡಲು ಹೋದರು. ವಯಸ್ಸಾದ ಕಣ್ಣು, ನಳಿಗೆಯ ತುದಿಯಲ್ಲಿ ಗುರಿ ಹಿಡಿಯುವ ಮಣಿ ಕಂಡರೆ ಕೊಂಬೆ ಮಸುಕು, ಕೊಂಬೆ ಕಂಡರೆ ಮಣಿ ಮಸುಕು. ಗುಂಡು ಹೋಗಿ ಒಂದು ಗಡವ ಮಂಗನ ಬಾಲದ ತುದಿಯ ಕೂದಲು ಹಾರಿಸಿಕೊಂಡು ಹೋಯಿತು.

ಅದನ್ನು ಅವರ ಹೆಂಡತಿ ನೋಡಿಬಿಟ್ಟರು. ಆಕೆ ಮಾರುತಿಯ ಹೆಸರಿನಲ್ಲಿ ಶನಿವಾರಕ್ಕೊಮ್ಮೆ ಒಪ್ಪತ್ತು ಹಿಡಿಯುವವರು. "ಇನ್ನೊಮ್ಮೆ ಮಂಗ್ಯಾನ ಒಂದು ಕೂದಲಾ ಉದುರಿದ್ರ ನಾ ತವರಮನಿಗೆ, ಹುನಗುಂದಕ್ಕ ಹೋಗೋಕಿ. ತಿರುಗಿ ಬರೂದಿಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿದ್ದರು.

"ಹೊಡೀದಿದ್ರ ತೋಟ ಹೋಗ್ತದ, ಹೊಡದ್ರ ಹೆಂಡತಿ ಹೋಗ್ತಾಳ. ನನಗ ಎರಡೂ ಉಳೀಬೇಕು," ಎಂದು ಹೆಡ್‌ಮಾಸ್ತರರು ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡರು. ನಗು ಬರುತ್ತಿದ್ದರೂ ನನಗೆ ಅಯ್ಯೋ ಅನಿಸಿತು. ಮೂವತ್ತೈದು ವರ್ಷ ಸಂಸಾರ ಮಾಡಿದ ಮನುಷ್ಯ.

ಸಾವಕಾರರು ಒಂದು ಕ್ಷಣ ವಿಚಾರ ಮಾಡಿದರು. ಇಪ್ಪತ್ತು ವರ್ಷ "ಗುರಿ ತಪ್ಪೂದಿಲ್ಲ" ಎಂದು ಹೇಳಿಯೇ ವ್ಯಾಪಾರ ಮಾಡಿದವರು. ಆಮೇಲೆ ಎದೆಯ ಮೇಲೆ ಕೈಯಿಟ್ಟು ಹೇಳಿದರು: "ಸರ್, ನಮ್ಮ ದುರ್ಬೀನಿನಷ್ಟು ಚಲೋತ್ನಾಗ ತಪ್ಪಿಸೂ ದುರ್ಬೀನು ನಿಮಗ ಇಡೀ ಜಿಲ್ಲಾದಾಗ ಸಿಗೂದಿಲ್ಲ!"

ಪೇಡೆ ಅಂಗಡಿಯವರ ತಕರಾರು

ನಮ್ಮಲ್ಲಿ ಆಗ ಇದ್ದವು ಎರಡೇ ದುರ್ಬೀನು. ಒಂದು ಬೆರಳಷ್ಟು ದಪ್ಪದ್ದು, ವಸ್ತುವನ್ನು ನಾಲ್ಕು ಪಟ್ಟು ಹತ್ತಿರ ತೋರಿಸುವಂಥದ್ದು; ಸಣ್ಣ ರೈಫಲ್ಲಿಗೆಂದೇ ಮಾಡಿದ್ದು. ಇನ್ನೊಂದು ಎಂಟು ಪಟ್ಟಿನದು, ದೊಡ್ಡ ಬೇಟೆಯ ಬಂದೂಕಿಗೆ ಹಾಕುವಂಥದ್ದು. ಯಾವ ಪುಣ್ಯಾತ್ಮ ತರಿಸಿದ್ದನೋ, ಕಪಾಟಿನಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು.

ಹೆಡ್‌ಮಾಸ್ತರರು ಕಟ್ಟೆಯ ಮೇಲೆ ನಿಂತು ಮೊದಲನೆಯದನ್ನು ಚಾಳೀಸಿನಂತೆ ಕಣ್ಣಿಗೆ ಒತ್ತಿಕೊಂಡರು. ಏನೂ ಕಾಣಲಿಲ್ಲ. "ಮೂರು ಬಟ್ಟ ದೂರ ಹಿಡೀರಿ ಸರ್," ಎಂದು ಮೂರು ಬೆರಳು ತೋರಿಸಿದೆ. ಹಿಡಿದರು. ಎದುರಿಗೆ ರಸ್ತೆಯಾಚೆ ಪೇಡೆ ಅಂಗಡಿ. ಪೇಡೆ, ತಾಟು, ತಕ್ಕಡಿ, ಮಾರುವವರ ಹೊಟ್ಟೆ, ಎಲ್ಲವೂ ಒಂದೇ ವರ್ತುಲದಲ್ಲಿ ಕಂಡವು. ಎರಡನೆಯದನ್ನು ಹಿಡಿದರು. ವರ್ತುಲ ಸಣ್ಣದಾಯಿತು. ಕಂಡದ್ದು ಒಂದೇ ಪೇಡೆ, ಅದರ ಮೇಲೆ ನೊಣ.

"ಒಂದು, ಎರಡು, ಮೂರು... ಏಳು ನೊಣ ಅವ," ಎಂದು ಕಟ್ಟೆಯ ಮೇಲಿಂದಲೇ ತರಗತಿಗೆ ಹೇಳುವ ದನಿಯಲ್ಲಿ ಎಣಿಸಿದರು. ಪೇಡೆ ಕೊಳ್ಳಲು ನಿಂತಿದ್ದ ಇಬ್ಬರು ಮೆಲ್ಲಗೆ ಜಾಗ ಖಾಲಿ ಮಾಡಿದರು.

ನಾನು ಬಿಡಿಸಿ ಹೇಳಿದೆ. "ಸರ್, ನಿಮ್ಮದು ಐವತ್ತು ಹೆಜ್ಜಿ ದೂರದ ಕೆಲಸ. ಎಂಟ ಪಟ್ಟಿಂದ್ರಾಗ ಕೈ ನಡುಗೂದೂ ಎಂಟ ಪಟ್ಟು ಕಾಣಸ್ತೈತಿ. ಮಂಗ್ಯಾನ ಆಜೂಬಾಜು, ಹಿಂದ ಮುಂದ ಏನೈತಿ ಅನ್ನೂದು ಕಾಣಂಗಿಲ್ಲ. ನಾಲ್ಕರದ್ದ ಒಯ್ರಿ."

ಅವರು ನನ್ನನ್ನು ಕನಿಕರದಿಂದ ನೋಡಿದರು. "ತಮ್ಮಾ, ಮೂವತ್ತು ವರ್ಷ ಮಾಸ್ತರಕಿ ಮಾಡೇನಿ. ಎಂಟು ಮಾರ್ಕ್ಸ್ ತಗೊಂಡವನ್ನ ಬಿಟ್ಟು ನಾಲ್ಕು ತಗೊಂಡವನ್ನ ಹೆಂಗ ಪಾಸ್ ಮಾಡ್ಲಿ?"

ಅಷ್ಟರಲ್ಲಿ ಪೇಡೆ ಅಂಗಡಿಯವರು ರಸ್ತೆ ದಾಟಿ ಬಂದೇಬಿಟ್ಟರು. ಸಾವಕಾರರ ಎದುರು ಕೈ ಮುಗಿದು, "ಸಾವಕಾರ್ರ, ನಾಲ್ಕ ಪಟ್ಟಿಂದ ಮಾರ್ರಿ ಮಾರಾಯ್ರ. ಅದರಾಗ ನಮ್ಮ ಪೇಡೆ ಭಾಳ ಚಂದ ಕಾಣತಾವ!" ಎಂದರು.

ಹೆಡ್‌ಮಾಸ್ತರರು ಎಂಟರದ್ದನ್ನೇ ಒಯ್ದರು.

ಎರಡು ಎಳೆ ರೇಷ್ಮೆ

ಎಂಟು ದಿನಕ್ಕೆ ತಿರುಗಿ ಬಂದರು. ದುರ್ಬೀನಿನೊಳಗೆ ಗುರಿ ಹಿಡಿಯಲು ಒಂದರ ಮೇಲೊಂದು ಅಡ್ಡಡ್ಡ ಎರಡು ಸಣ್ಣ ತಂತಿ ಇರುತ್ತವೆ. ಆ ಎರಡೂ ಮಾಯವಾಗಿದ್ದವು.

ಹೊಸ ವಸ್ತು ಮನೆಗೆ ಬಂತೆಂದು ಅವರ ಹೆಂಡತಿ ದೇವರ ಮುಂದಿಟ್ಟು ಪೂಜೆ ಮಾಡಿದ್ದರು. ಕುಂಕುಮ ಹಚ್ಚಿದ್ದು ಸರಿಯಾಗಿ ಗಾಜಿನ ನಡುವೆ. ಅದನ್ನು ಒರೆಸಲು ಹೆಡ್‌ಮಾಸ್ತರರು ಗಾಜನ್ನೇ ತಿರುವಿ ಬಿಚ್ಚಿ, ಕಡ್ಡಿಗೆ ಅರಿವೆ ಸುತ್ತಿ, ಕೊಳವೆಯೊಳಗೆ ಆಚೆಯಿಂದ ಈಚೆಗೆ ಹಾಯಿಸಿದ್ದರು. ದುರ್ಬೀನು ಸ್ವಚ್ಛವಾಗಿತ್ತು. ತಂತಿ ಅರಿವೆಗೆ ಅಂಟಿಕೊಂಡು ಬಂದಿದ್ದವು.

ಮುಂಬಯಿಗೆ ಕಳಿಸಿದರೆ ಬರುವುದು ಯಾವ ಕಾಲಕ್ಕೋ. ಪೇರಲ ಆಗಲೇ ಬಣ್ಣ ತಿರುಗಿದ್ದವು. "ಇಳಕಲ್ಲಿಗೆ ಹೋಗು," ಎಂದರು ಸಾವಕಾರರು. "ಎಳಿ ಹಿಡಿಯೂ ಕೈ ಅಲ್ಲೈತಿ."

ಬಸ್ಸು ಹಿಡಿದು ಇಳಕಲ್ಲಿಗೆ ಹೋದೆ. ಸಾವಕಾರರ ಗುರುತಿನ ನೇಕಾರರು ಕುಣಿಮಗ್ಗದಿಂದ ಎದ್ದು ಬಂದು ದುರ್ಬೀನಿನ ಹೊಟ್ಟೆ ನೋಡಿದರು. ಸೀರೆಯ ಅಂಚಿನ ದಡಿಗೆ ಇಟ್ಟಿದ್ದ ಕೆಂಪು ರೇಷ್ಮೆಯಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಬಿಡಿಸಿದರು. ಮನೆಯವರಿಗೆಲ್ಲ ಫಂಕಾ ಬೀಸಬೇಡಿ, ಕೆಮ್ಮಬೇಡಿ ಎಂದು ತಾಕೀತಾಯಿತು. ಎರಡು ತಾಸು ಉಸಿರು ಬಿಗಿಹಿಡಿದು, ಒಂದು ಎಳೆ ನೆಟ್ಟಗೆ, ಒಂದು ಎಳೆ ಅಡ್ಡ, ಕೂಡಿದಲ್ಲಿ ಗೆರೆ ಎಳೆದಂತೆ ನಾಲ್ಕೂ ಮೂಲೆ ಸಮ ಬರುವ ಹಾಗೆ ಅರಗಿನಿಂದ ಕೂಡಿಸಿದರು. ಕಿಟಕಿಯ ಕಡೆ ಹಿಡಿದು ನೋಡಿದೆ. ಅಂಥ ಚೊಕ್ಕ ಕೆಲಸವನ್ನು ನಾನು ವಿಲಾಯತಿ ಮಾಲಿನಲ್ಲೂ ಕಂಡಿರಲಿಲ್ಲ. ಗುರಿಗೆರೆ ಮಾತ್ರ ಇಳಕಲ್ಲ ಸೀರೆಯ ದಡಿಯಂತೆ ಕೆಂಪಗಿತ್ತು.

ಕಣ್ಣು ತಿಕ್ಕಿಕೊಳ್ಳುತ್ತ ನೇಕಾರರು ಕೇಳಿದರು, "ಇದರಿಂದ ಏನ್ ಮಾಡ್ತಾರ್ರಿ?"

ನಾನು ಹೆಡ್‌ಮಾಸ್ತರರ ಸಂಗತಿ ಎಲ್ಲ ಹೇಳಿದೆ. ಮಂಗನನ್ನು ನೋಡುವುದು, ಗುರಿ ಪಕ್ಕಕ್ಕೆ ಸರಿಸುವುದು, ತಪ್ಪಿಸಿ ಹೊಡೆಯುವುದು.

ಅವರು ದುರ್ಬೀನನ್ನು ಮತ್ತೊಮ್ಮೆ ತಿರುವಿ ನೋಡಿದರು. "ಅಂದ್ರ, ಗುಂಡು ಮಂಗ್ಯಾಗ ಬಡೀಬಾರದು?"

"ಬಡೀಲೇಬಾರದು."

"ಹಂಗಾದ್ರ ಎಳಿ ಸೊಟ್ಟ ಆಗಿದ್ರೂ ನಡೀತಿತ್ತಲ್ಲೋ ಮಾರಾಯಾ! ಎರಡ ತಾಸು ನನ್ನ ಕಣ್ಣ ತಿಂದೆಲ್ಲ!"

ಒಂದು ಕೂದಲೂ ಉದುರಲಿಲ್ಲ

ದುರ್ಬೀನನ್ನು ರೈಫಲ್ಲಿಗೆ ಕೂಡಿಸಿ ಗುರಿ ಹೊಂದಿಸಿ ಕೊಡಲು ನಾನೇ ಬಾದಾಮಿಗೆ ಹೋದೆ. ಮನೆ ತೋಟದಲ್ಲೇ ಇತ್ತು. ಹೆಡ್‌ಮಾಸ್ತರರ ಹೆಂಡತಿ ಸಣ್ಣ ಆಳಿನ, ನಗುಮುಖದ ಹೆಂಗಸು. ಅವಲಕ್ಕಿ, ಮಜ್ಜಿಗೆ ಕೊಟ್ಟು ಉಪಚಾರ ಮಾಡಿದರು. ಮಾಡಿ, "ನೋಡಪಾ, ನನ್ನ ಟ್ರಂಕು ಕಟ್ಟಿ ಇಟ್ಟೇನಿ" ಎಂದು ತೋರಿಸಿದರು. ನಾನು ಅವಲಕ್ಕಿ ಅರ್ಧಕ್ಕೇ ಬಿಟ್ಟು ಎದ್ದೆ.

ಬೇಲಿಯ ಹತ್ತಿರ ಬೇವಿನ ಮರಕ್ಕೆ ಕಾಗದ ಅಂಟಿಸಿ, ಐವತ್ತು ಹೆಜ್ಜೆಯಿಂದ ಹೊಡೆಸಿದೆ. ಮೊದಲು ಎಡಕ್ಕೆ ಬಿತ್ತು. ತಿರುಪು ತಿರುವಿದೆ. ಆಮೇಲೆ ಮೂರಕ್ಕೆ ಮೂರೂ ನಟ್ಟನಡುವೆ ಬಿದ್ದವು. ಹೆಡ್‌ಮಾಸ್ತರರು ಗಾಬರಿಯಾದರು. "ಅಯ್ಯೋ, ಇದು ಖರೇನ ಹೊಡೀತದಲ್ಲೋ!"

"ಎಲ್ಲಿ ಬೀಳತೈತಿ ಅಂತ ಗೊತ್ತಿದ್ರನ ತಪ್ಪಸಾಕ ಬರತೈತ್ರಿ," ಎಂದು ಧೈರ್ಯ ಹೇಳಿದೆ.

ಮಧ್ಯಾಹ್ನಕ್ಕೆ ಮಂಗಗಳು ಬಂದವು. ಪೇರಲ ಗಿಡದ ತಗ್ಗಿನ ಕೊಂಬೆಗೆ ಮೊದಲು ಇಳಿದದ್ದು ಬಾಲದ ತುದಿ ಬೋಳಾದ ಅದೇ ಗಡವ. ಹೆಡ್‌ಮಾಸ್ತರರು ಕುರ್ಚಿಯ ಮೇಲೆ ಕೂತು, ಜೋಳದ ಚೀಲಕ್ಕೆ ರೈಫಲ್ ಊರಿದರು. "ಹುಬ್ಬಿನ ಕೂದಲಾ ಎಣಸಬಹುದು," ಎಂದು ಪಿಸುಗುಟ್ಟಿದರು. "ಈಗ ಬಲಗಡೆ ಕೊಂಬಿಗೆ ಸರಸೇನಿ. ಒಂದು ಗೇಣು. ಬ್ಯಾಡ, ಎರಡು ಗೇಣು." ಹೆಂಡತಿ ಬಾಗಿಲಲ್ಲಿ ನಿಂತು, ಕಣ್ಣು ಮುಚ್ಚಿ ಮಾರುತಿಯ ಹೆಸರು ಹೇಳುತ್ತಿದ್ದರು. ಆ ಕುರ್ಚಿಯ ಮೇಲೆ ಮೂವತ್ತೈದು ವರ್ಷದ ಸಂಸಾರ ಕೂತಿತ್ತು.

ಗುಂಡು ಹಾರಿತು. ಮಂಗನಿಂದ ಸರಿಯಾಗಿ ಎರಡು ಗೇಣು ಆಚೆ ಕೊಂಬೆ ಚಟ್ಟನೆ ಮುರಿಯಿತು. ಉಳಿದ ಮಂಗಗಳೆಲ್ಲ ಬೇಲಿ ಹಾರಿ ಓಡಿದವು. ಗಡವ ಮಾತ್ರ ಬೆಚ್ಚಿ ಅಲ್ಲೇ ಕೂತಿತು. ಅದರ ಒಂದು ಕೂದಲೂ ಉದುರಿರಲಿಲ್ಲ.

"ನೋಡಿದೇನ!" ಎಂದು ಹೆಡ್‌ಮಾಸ್ತರರು ಟೊಪ್ಪಿಗೆ ಮೇಲಕ್ಕೆ ಹಾರಿಸಿದರು. "ತಪ್ಪಸಿದೆ! ಪೂರಾ ತಪ್ಪಸಿದೆ!"

ಆಗ ಸುರ್ರೆಂದು ನೀರಿನ ಸಪ್ಪಳ ಕೇಳಿಸಿತು. ಗುಂಡು ಕೊಂಬೆ ಮುರಿದು ಅಲ್ಲಿಗೇ ನಿಂತಿರಲಿಲ್ಲ. ಆ ಕೊಂಬೆಯ ನೇರಕ್ಕೆ, ಹಿಂದೆ ಬಾವಿಯ ಕಟ್ಟೆ. ಕಟ್ಟೆಯ ಮೇಲೆ ಆಗಷ್ಟೇ ತುಂಬಿಟ್ಟ ತಾಮ್ರದ ಕೊಡ. ಕೊಡದ ಹೊಟ್ಟೆಯಲ್ಲಿ ತೂತು, ತೂತಿನಿಂದ ನೀರಿನ ಧಾರೆ. ಬರಿಗಣ್ಣಿನಿಂದ ನೋಡಿದ್ದರೆ ಯಾರಿಗಾದರೂ ಕಾಣುತ್ತಿತ್ತು. ಅವರು ಆ ಸಣ್ಣ ವರ್ತುಲದಲ್ಲಿ ಮಂಗನ ಹುಬ್ಬು ಎಣಿಸುತ್ತ ಕೂತಿದ್ದರು. ಇನ್ನು ನಾನು? ನನ್ನ ಕಣ್ಣೆಲ್ಲ ಆ ಟ್ರಂಕಿನ ಮೇಲೇ ಇತ್ತು.

ಗಡವ ಮಂಗ ಕೆಳಗಿಳಿಯಿತು. ನಿಧಾನವಾಗಿ ಕಟ್ಟೆ ಹತ್ತಿ, ಧಾರೆಗೆ ಬಾಯಿ ಹಿಡಿದು ಗಟಗಟ ಕುಡಿಯಿತು.

ಹೆಡ್‌ಮಾಸ್ತರರ ಹೆಂಡತಿ ಬಾಗಿಲು ಬಿಟ್ಟು ಹತ್ತಿರ ಬಂದರು. ಮಂಗನನ್ನು ನೋಡಿದರು, ಕೊಡವನ್ನು ನೋಡಿದರು, ಗಂಡನನ್ನು ನೋಡಿದರು. "ಪಾಪ, ಅದಕ್ಕ ನೀರಡಿಕಿ ಆಗಿತ್ತು," ಎಂದರು. "ಇಷ್ಟಕ್ಕ ಬಂದೂಕು ಯಾಕ್ರಿ? ನಾನ ಒಂದು ತಂಬಿಗಿ ಇಡತಿದ್ನೆಲ್ಲ. ಇರಲಿ. ನಾಳೆ ಹುನಗುಂದಕ್ಕ ಹೊಂಟೆ."

ಹೆಡ್‌ಮಾಸ್ತರರ ಮುಖ ಬಿಳಿಚಿಕೊಂಡಿತು. "ಒಂದು ಕೂದಲಾನೂ ಉದುರಿಲ್ಲಲ್ಲ! ಈ ತಮ್ಮನ್ನ ಕೇಳು!"

"ಮಂಗ್ಯಾಗ ಏನೂ ಆಗಿಲ್ಲ ಬಿಡ್ರಿ, ನನಗೂ ಕಣ್ಣವ. ಇದು ನಮ್ಮಪ್ಪ ಕೊಟ್ಟ ಕೊಡ. ಹೋಗಿ ಇನ್ನೊಂದು ಇಸಗೊಂಡು ಮೂರನೇ ದಿನಕ್ಕ ಬರ್ತೇನಿ. ನೀರು ಹೋಗ್ತಾವ, ಅಲ್ಲೀತನಕ ಆ ತೂತಿಗೆ ಬಟ್ಟ ಇಟಗೊಂಡು ಕೂಡ್ರಿ!"

ತಿರುಗಿ ಬರುತ್ತಾರೆ ಎಂದು ಕೇಳಿದ್ದೇ ಹೆಡ್‌ಮಾಸ್ತರರಿಗೆ ಹೋದ ಜೀವ ಬಂತು. ಓಡಿ ಹೋಗಿ ಕೊಡದ ತೂತಿಗೆ ಬೆರಳಿಟ್ಟು ಕೂತೇಬಿಟ್ಟರು. ನಾನು ಗಾಡಿ ಹಿಡಿಯಲು ಹೊರಟಾಗಲೂ ಹಾಗೇ ಕೂತಿದ್ದರು, ಮುಖದ ತುಂಬ ನಗು. ಗಡವ ಮಂಗ ಒಂದು ಮೊಳ ಆಚೆಗೆ ಕೂತು, ಅವರು ಬೆರಳು ಯಾವಾಗ ತೆಗೆಯುತ್ತಾರೋ ಎಂದು ಕಾಯುತ್ತಿತ್ತು.