ನೀಲಿ ಕತ್ತೆಯನ್ನು ಉಳಿಸಿದ ಶನಿವಾರ

ಒದ್ದೆಯಾದ ಉಣ್ಣೆಯ ಕೋಟು, ನೆಲಕ್ಕೆ ತಿಕ್ಕಿದ ಮೇಣ, ಕಂದು ಕಾಗದ. ಈ ಮೂರೂ ಬೆರೆತ ವಾಸನೆ ಎವರ್ಟನ ಮೂಗಿನಲ್ಲಿ ಅರವತ್ತೈದು ವರ್ಷಗಳಿಂದ ಬಿಡಾರ ಹೂಡಿತ್ತು. ಚಿಕ್ಕವನಿದ್ದಾಗ ಅವನು ಅಪ್ಪನ ಕೈಹಿಡಿದು ಸರ್ಕಾರದ ಮದ್ಯದಂಗಡಿಗೆ ಹೋಗುತ್ತಿದ್ದ. ಆಗ ಬಾಟಲಿಗಳೆಲ್ಲ ಗುಮಾಸ್ತನ ಬೆನ್ನ ಹಿಂದೆ ಇರುತ್ತಿದ್ದವು. ಅಪ್ಪ ಬೇಕಾದ್ದನ್ನು ಪಿಸುಮಾತಿನಲ್ಲಿ ಹೇಳುತ್ತಿದ್ದ. ಗುಮಾಸ್ತ "ಅದಿಲ್ಲ" ಎಂದು ಬೇರೇನೋ ಒಂದನ್ನು ಕಂದು ಕಾಗದದಲ್ಲಿ ಸುತ್ತಿ, ನಿದ್ದೆ ಹೋದ ಕೂಸನ್ನು ಮಲಗಿಸುವಂತೆ ಮೇಜಿನ ಮೇಲೆ ಇಡುತ್ತಿದ್ದ. ಅಪ್ಪ ವಾದಿಸದೆ ಟೋಪಿ ಎತ್ತಿ ವಂದಿಸಿ ಹೊರಬರುತ್ತಿದ್ದ.

"ನಾನು ದೊಡ್ಡವನಾದ ಮೇಲೆ ಟೋಪಿ ಎತ್ತುವುದಿಲ್ಲ" ಎಂದು ಆರು ವರ್ಷದ ಎವರ್ಟ್ ಆಗಲೇ ತೀರ್ಮಾನಿಸಿಬಿಟ್ಟಿದ್ದ.

ಹಾಗಾಗಿ ಅಕ್ಟೋಬರಿನ ಆ ಶನಿವಾರ ಬೆಳಿಗ್ಗೆ ನಮ್ಮೂರು ನೂರ್‌ಹೊಲ್ಮಿನ ಸರ್ಕಾರಿ ಮದ್ಯದಂಗಡಿಯಲ್ಲಿ ಒಂದು ಹಳದಿ ಚೀಟಿ ಕಂಡಾಗ, ಅವನ ಕೈ ಮೊದಲು ಹೋದದ್ದು ಟೋಪಿಗೆ. ಅದನ್ನು ಕಿವಿಯ ತನಕ ಎಳೆದುಕೊಂಡ.

ಚೀಟಿ ಅಂಟಿದ್ದದ್ದು 'ನೀಲಿ ಕತ್ತೆ'ಯ ಮೇಲೆ. ಅದೊಂದು ಸಿಹಿ ಬಿಳಿ ವೈನು. ಲೇಬಲ್ಲಿನ ಮೇಲೆ ಹಲ್ಲು ಕಿರಿಯುವ ನೀಲಿ ಕತ್ತೆಯಿದ್ದದ್ದರಿಂದ ಊರೆಲ್ಲ ಹಾಗೆಯೇ ಕರೆಯುತ್ತಿತ್ತು. ಹನ್ನೊಂದು ವರ್ಷಗಳಿಂದ ಪ್ರತಿ ಶನಿವಾರ ಎವರ್ಟ್ ಅದರ ಒಂದು ಬಾಟಲಿ ಕೊಂಡು, ಸಂಜೆ ಐದಕ್ಕೆ ಅಂಗಳ ದಾಟಿ ಪಕ್ಕದ ಮನೆಯ ಸಿಗ್ನೆಯ ಬಾಗಿಲು ತಟ್ಟುತ್ತಿದ್ದ. ಸಿಗ್ನೆ ಹಂದಿಮಾಂಸದ ಹೂರಣ ತುಂಬಿದ ಆಲೂಗಡ್ಡೆ ಕಡುಬು ಬೇಯಿಸಿಟ್ಟಿರುತ್ತಿದ್ದಳು. ಗಂಡ ತೀರಿಕೊಂಡ ವರ್ಷ ಆಕೆ ಮೊದಲ ಸಲ ಊಟಕ್ಕೆ ಕರೆದಾಗ ಎವರ್ಟ್ ಚಿತ್ರ ಚೆನ್ನಾಗಿದೆಯೆಂದು ಈ ಬಾಟಲಿ ಒಯ್ದಿದ್ದ. ಆಕೆ ಒಂದು ಗುಟುಕು ಕುಡಿದು, "ಎಷ್ಟು ಚೆನ್ನಾಗಿದೆ!" ಅಂದಿದ್ದಳು. ಅವತ್ತಿನಿಂದ ಬಾಟಲಿಯೇ ಅವನ ರಹದಾರಿ. ಖಾಲಿ ಕೈಯಲ್ಲಿ ಆ ಬಾಗಿಲು ತಟ್ಟುವುದು ಹೇಗೆ, ಏನೆಂದು ಹೇಳಿ ಒಳಗೆ ಹೋಗುವುದು, ಎವರ್ಟನಿಗೆ ತಿಳಿಯದು.

"ಅನ್ನೆಲಿ! ಏನಿದು?"

ಅಂಗಡಿಯ ಮೇಲ್ವಿಚಾರಕಿ ಅನ್ನೆಲಿ ಹಸಿರು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಎವರ್ಟನಿಗೆ ಊರಿನ ಅರ್ಧ ಜನ ಇವತ್ತಿಗೂ ಮಕ್ಕಳೇ. ಅನ್ನೆಲಿ ಮೂರನೇ ಸೀಟಿನ ಕಿಟಕಿಯವಳು.

"ಅದನ್ನ ತೆಗೀತಾರೆ. ಆರು ತಿಂಗಳ ಲೆಕ್ಕ ಇವತ್ತು ಮೂರು ಗಂಟೆಗೆ ಮುಗಿಯುತ್ತೆ. ಇಪ್ಪತ್ತಾರು ಬಾಟಲಿ ಹೋಗಿದೆ, ಇಪ್ಪತ್ತಾರೂ ನೀವೇ ತಗೊಂಡಿರೋದು."

"ಬೇರೆ ಊರಿಂದ ತರಿಸಿಕೊಡು."

"ಬೇರೆ ಊರಲ್ಲೆಲ್ಲ ಹೋದ ವರ್ಷವೇ ನಿಲ್ಲಿಸಿದ್ರು. ಇಡೀ ದೇಶದಲ್ಲಿ ಇದು ಉಳಿದಿರೋದು ನಮ್ಮಲ್ಲಿ ಮಾತ್ರ. ಇಲ್ಲೂ ಹೋದ್ರೆ ಗೋದಾಮಿಂದಲೇ ಹೋಗುತ್ತೆ."

"ಉಳೀಬೇಕಾದ್ರೆ?"

"ಇನ್ನೂ ಇಪ್ಪತ್ತು ಹೋಗ್ಬೇಕು."

"ಕೊಡು, ಇಪ್ಪತ್ತೂ ನಾನೇ ತಗೋತೀನಿ."

"ಒಂದೇ ದಿನ ಒಬ್ಬರೇ ಎಷ್ಟು ತಗೊಂಡ್ರೂ ಅದು ಒಂದೇ ಅಂತ ಲೆಕ್ಕ. ನಿಮ್ಮನ್ನ ಬಿಟ್ಟು ಇಪ್ಪತ್ತು ಜನ ಬೇಕು." ಅನ್ನೆಲಿ ದನಿ ತಗ್ಗಿಸಿದಳು. "ಅದೂ ಅಲ್ದೆ ಜಾಗ ಕಡಿಮೆ. ಇದು ಉಳಿದ್ರೆ ಇನ್ನೊಂದು ಹೋಗ್ಬೇಕಾಗುತ್ತೆ. ಅದು ಯಾವುದು ಅಂದ್ರೆ..."

"ಯಾವುದಾದ್ರೂ ಹೋಗ್ಲಿ!" ಎಂದ ಎವರ್ಟ್. ಸಿಟ್ಟಿನಲ್ಲಿದ್ದವರಿಗೆ ವಾಕ್ಯದ ಕೊನೆಯ ತನಕ ಕಾಯುವ ವ್ಯವಧಾನ ಎಲ್ಲಿರುತ್ತದೆ?

ಅಷ್ಟರಲ್ಲಿ ತರುಣ ದಂಪತಿ ಒಳಗೆ ಬಂದರು. ಎವರ್ಟ್ ಅವರ ದಾರಿಗೆ ಅಡ್ಡ ನಿಂತು ಶುರುಮಾಡಿದ. "ನೀವು ನೀಲಿ ಕತ್ತೆ ಕುಡಿದಿದೀರಾ? ಜೇನು, ಅಂದ್ರೆ ಜೇನು! ದೇವಲೋಕದ್ದು!"

"ಎವರ್ಟ್," ಅನ್ನೆಲಿ ತೋಳು ಹಿಡಿದಳು, "ಇಲ್ಲಿ ಯಾವ ಬಾಟಲೀನೂ ಹೊಗಳೋ ಹಾಗಿಲ್ಲ. ಇದು ಸರ್ಕಾರದಂಗಡಿ. ಜನ ಕುಡೀಲಿ ಅಂತ ನಾವು ಆಸೆ ತೋರಿಸಬಾರದು."

"ಮಾರೋ ಅಂಗಡೀಲಿ ಮಾರೋ ಸಾಮಾನನ್ನ ಹೊಗಳಬಾರದಾ?"

"ಹೊಗಳಬಾರದು."

"ಬೈಬಹುದಾ?"

ಅನ್ನೆಲಿ ಯೋಚಿಸಿದಳು. "ಬೈಬಾರದು ಅಂತ ಎಲ್ಲೂ ಬರೆದಿಲ್ಲ."

"ಹಾಗಾದ್ರೆ," ಎವರ್ಟ್ ದಂಪತಿಯ ಕಡೆ ತಿರುಗಿ ಗುಡುಗಿದ, "ಇದನ್ನ ಮುಟ್ಟಬೇಡಿ! ಇದು ನಿಮ್ಮಂಥವರಿಗಲ್ಲ!"

ಆ ಇಬ್ಬರು ವಿಧೇಯರು. ಮುಟ್ಟಲಿಲ್ಲ. ಎರಡು ಬಿಯರು ತೆಗೆದುಕೊಂಡು ಗೋಡೆ ಸವರಿಕೊಂಡೇ ಹೊರಟುಹೋದರು.

ಎವರ್ಟ್ ತನ್ನ ವಾರದ ಬಾಟಲಿ ಕೊಂಡು, ಅಂಗಡಿಯ ಹೊಸ್ತಿಲಿನಾಚೆ, ಅದರ ನಿಯಮ ನಡೆಯದ ಕಡೆ ಹೋಗಿ ನಿಂತ. ರಸ್ತೆ ಎಲ್ಲಿ ಶುರುವಾಗುತ್ತದೆ ಎಂದು ಬಸ್ಸು ಓಡಿಸಿದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಮುದ್ರದ ಕಡೆಯಿಂದ ಗಾಳಿ ಹರಿತವಾದ ಚಾಕುವಿನಂತೆ ಬೀಸುತ್ತಿತ್ತು. ಅವನು ಗೂಟದ ಹಾಗೆ ನಿಂತೇ ಇದ್ದ, ಮೊದಲು ಯಾರನ್ನು ಹೇಗೆ ಕೇಳಬೇಕೆಂದು ಯೋಚಿಸುತ್ತ.

ನಮ್ಮೂರಿನವರಿಗೆ ಒಂದು ಅಭ್ಯಾಸವಿದೆ. ಒಬ್ಬ ಮನುಷ್ಯ ಬಾಗಿಲ ಮುಂದೆ ಸುಮ್ಮನೆ ನಿಂತಿದ್ದರೆ ಅವನು ಸಾಲಿನ ಮೊದಲನೆಯವನೆಂದೇ ತಿಳಿಯುತ್ತಾರೆ. ನಿವೃತ್ತ ಅಂಚೆ ಮಾಸ್ತರ ರೂನೆ ಬಂದು ಎವರ್ಟನ ಹಿಂದೆ, ಸಭ್ಯತೆಗೆ ತಕ್ಕ ಒಂದೂವರೆ ಮೀಟರು ಬಿಟ್ಟು ನಿಂತ. ಅವನ ಹಿಂದೆ ಒಬ್ಬ ಮೀನುಗಾರ. ಅವನ ಹಿಂದೆ ನಾಯಿ ಹಿಡಿದ ಇಬ್ಬರು ಅಕ್ಕತಂಗಿಯರು. ಯಾರೂ ಯಾಕೆಂದು ಕೇಳಲಿಲ್ಲ. ಹನ್ನೆರಡು ಗಂಟೆಗೆ ಮತ್ತೊಬ್ಬ ಬಂದು, ಎವರ್ಟ್ ಸೇರಿ ಆರು ಜನರಾದರು.

ಕೊನೆಗೆ ರೂನೆಗೆ ತಡೆಯಲಾಗಲಿಲ್ಲ. "ಏನೋ ಎವರ್ಟ್, ಒಳಗೆ ಏನು ಬಂದಿದೆಯೋ?"

"ಬಂದಿಲ್ಲ, ಹೋಗ್ತಿದೆ. ನೀಲಿ ಕತ್ತೆ. ಇಪ್ಪತ್ತು ಜನ ಕೊಳ್ಳದಿದ್ರೆ ಇವತ್ತಿಗೇ ಕೊನೆ."

"ಆ ಕೆಮ್ಮಿನ ಔಷಧೀನಾ?"

"ರೂನೆ, ಜನ್ಮದಲ್ಲಿ ಒಂದು ಸಲವಾದ್ರೂ ಬಾಯಿ ಮುಚ್ಚಿಕೊಂಡು ಒಂದು ಒಳ್ಳೇ ಕೆಲಸ ಮಾಡು."

ರೂನೆ ಸೋತು ಒಳಗೆ ಹೋದ. ಇಷ್ಟು ಹೊತ್ತು ನಿಂತ ಮೇಲೆ ಬರಿಗೈಯಲ್ಲಿ ಹೋಗುವುದು ಅವಮಾನವೆಂದು ಹಿಂದಿನವರೂ ಹೋದರು. ಐದು ಬಾಟಲಿ. ಆಮೇಲೆ ಗಾಳಿ ಜೋರಾಗಿ ಬೀದಿ ಖಾಲಿಯಾಯಿತು.

ಒಂದು ಗಂಟೆಗೆ ಚರ್ಚಿನ ಗಾಯನ ತಂಡದ ಗುನ್‌ವೊರ್ ಸೈಕಲ್ಲಿನಲ್ಲಿ ಬಂದು ಬ್ರೇಕು ಹಾಕಿದಳು. ಆಕೆ ಆಗಲೇ ರೂನೆಯನ್ನು ದಾಟಿಕೊಂಡು ಬಂದಿದ್ದಳು, ಅಂದರೆ ಎಲ್ಲ ತಿಳಿದಿತ್ತು.

"ನಿಂಗೇನು ಹುಚ್ಚಾ ಎವರ್ಟ್? ಮೂಗು ನೋಡು, ಬೀಟ್‌ರೂಟ್ ಆಗಿದೆ. ಅದನ್ನು ನೀನೇ ಇಷ್ಟಪಡಲ್ಲ. ಹೋದ ಕ್ರಿಸ್ಮಸ್ಸಿಗೆ ಮುಖ ಕಿವುಚಿದ್ದು ನಾನೇ ನೋಡಿದೀನಿ."

ಎವರ್ಟ್ ತನ್ನ ಬೂಟು ನೋಡಿಕೊಂಡ. "ನನಗಲ್ಲ. ಸಿಗ್ನೆಗೆ ಇಷ್ಟ."

ಗುನ್‌ವೊರ್ ಊರಿನ ಅತಿ ದೊಡ್ಡ ದನಿಯ ಹೆಂಗಸು. ಆದರೆ ಆಗ ಸೈಕಲ್ಲಿನಿಂದ ಇಳಿದಳಷ್ಟೇ. ತನ್ನ ಕೈಗವಸು ಬಿಚ್ಚಿ ಅವನ ಕೈಗೆ ತುರುಕಿ, ಸೈಕಲ್ಲು ತಿರುಗಿಸಿಕೊಂಡು ಹೋದಳು.

ಎರಡೂವರೆಗೆ ಗಾಯನ ತಂಡ ಅಭ್ಯಾಸ ಅರ್ಧಕ್ಕೆ ನಿಲ್ಲಿಸಿ ಬಂತು. ಮೇಲುದನಿಯವರು ಮುಂದೆ, ಕೆಳದನಿಯವರು ಹಿಂದೆ, ಒಟ್ಟು ಹದಿನಾಲ್ಕು ಜನ. ಒಬ್ಬೊಬ್ಬರೇ ಒಳಗೆ ಹೋಗಿ, ಒಂದೊಂದು ನೀಲಿ ಕತ್ತೆ ಹಿಡಿದು ಹೊರಬಂದರು. ಎವರ್ಟ್ ಕಿಟಕಿಯಿಂದ ಇಣುಕಿ ಬೆರಳೆಣಿಸಿದ. ಹತ್ತೊಂಬತ್ತು. ಗಡಿಯಾರದಲ್ಲಿ ಮೂರಕ್ಕೆ ಐದು ನಿಮಿಷ. ಬೀದಿಯಲ್ಲಿ ಒಂದು ಕಾಗೆ ಬಿಟ್ಟರೆ ಯಾರೂ ಇರಲಿಲ್ಲ.

"ಒಂದು ಬಾಟಲಿಗೆ ಸೋಲಲ್ಲ ನಾನು," ಎಂದು ಎವರ್ಟ್ ಒಳನುಗ್ಗಿದ. "ಅನ್ನೆಲಿ, ಬಾಗಿಲು ಹಾಕಬೇಡ. ಹೆದ್ದಾರಿಗೆ ಹೋಗಿ ಲಾರಿಗೆ ಅಡ್ಡ ನಿಂತಾದ್ರೂ ಒಬ್ಬನನ್ನ ಹಿಡ್ಕೊಂಡು ಬರ್ತೀನಿ."

ಅನ್ನೆಲಿ ಅವನನ್ನು ನೋಡಿದಳು. ಆಮೇಲೆ ಹಸಿರು ಏಪ್ರನ್ನು ಬಿಚ್ಚಿ ಮಡಿಸಿಟ್ಟು, ಮೇಜು ಬಳಸಿ ಈಚೆ ಬಂದು, ಒಂದು ನೀಲಿ ಕತ್ತೆಯನ್ನು ತೆಗೆದು ಗಲ್ಲಾದಲ್ಲಿದ್ದ ಸಹೋದ್ಯೋಗಿಯ ಮುಂದೆ ಅಡ್ಡ ಮಲಗಿಸಿದಳು.

"ನನ್ನ ಕೆಲಸ ಇವತ್ತು ನಾಲ್ಕು ನಿಮಿಷ ಬೇಗ ಮುಗೀತು," ಎಂದಳು. "ಎವರ್ಟ್, ಎರಡನೇ ಕ್ಲಾಸಲ್ಲಿದ್ದಾಗ ನನ್ನ ಒಂದು ಕೈಗವಸು ಬಿದ್ದುಹೋಯ್ತು ಅಂತ ನೀವು ಇಡೀ ಬಸ್ಸನ್ನ ಮೂರು ಕಿಲೋಮೀಟರು ಹಿಂದಕ್ಕೆ ತಿರುಗಿಸಿದ್ರಿ. ನೆನಪಿದೆಯಾ?"

ಅವನಿಗೆ ನೆನಪಿರಲಿಲ್ಲ. ಆದರೂ ಮೂಗು ಒರೆಸಿಕೊಂಡ. ಅನ್ನೆಲಿ ಹಳದಿ ಚೀಟಿ ಕಿತ್ತು, ಮೊಣಕಾಲೂರಿ ಬಗ್ಗಿ ಕೆಳಗಿನ ಸಾಲಿನಲ್ಲಿ ಇನ್ನಾವುದಕ್ಕೋ ಅಂಟಿಸಿದಳು. ಯಾವುದಕ್ಕೆಂದು ಎವರ್ಟ್ ಗಮನಿಸಲಿಲ್ಲ. ಗೆದ್ದ ಸೇನಾಪತಿ ಕೆಳಗೆ ನೋಡುವುದುಂಟೇ? ಟೋಪಿ ಎತ್ತದೆ, ಎದೆ ಉಬ್ಬಿಸಿ ಹೊರಬಂದ.

ಸಂಜೆ ಐದಕ್ಕೆ ಹತ್ತು ನಿಮಿಷವಿರುವಾಗ ಅವನು ಒಗೆದ ಅಂಗಿ ಹಾಕಿಕೊಂಡು ಬಾಗಿಲು ತೆರೆದ. ಕಾಲಿಗೆ ಏನೋ ತಾಗಿ ಟಿಣ್ ಎಂದಿತು. ಮೆಟ್ಟಿಲ ತುಂಬ ನೀಲಿ ಕತ್ತೆಗಳು ಹಲ್ಲು ಕಿರಿದು ಸಾಲಾಗಿ ನಿಂತಿದ್ದವು. ಕೆಲವಕ್ಕೆ ಮುಚ್ಚಳ ತೆರೆದು ಮತ್ತೆ ಬಿಗಿದಿತ್ತು. ಒಂದೊಂದರ ಕೊರಳಿಗೂ ಒಂದು ಚೀಟಿ. 'ಒಂದು ಗುಟುಕು ಕುಡಿದೆವು. ಮಿಕ್ಕದ್ದು ನಿಮ್ಮಿಬ್ಬರಿಗೆ ಇರಲಿ.' 'ಇಷ್ಟಪಡುವವರ ಮನೆಯಲ್ಲೇ ಇರುವುದು ಒಳ್ಳೆಯದು. ಗುನ್‌ವೊರ್.' 'ನಾಯಿಯೂ ಮೂಸಲಿಲ್ಲ. ಪ್ರೀತಿಯಿಂದ.' ರೂನೆಯ ಚೀಟಿಯಲ್ಲಿ ಬರೀ 'ಬಾಯಿ ಮುಚ್ಚಿಕೊಂಡೇ ಇಟ್ಟುಹೋಗಿದ್ದೇನೆ' ಎಂದಿತ್ತು.

ಇಪ್ಪತ್ತಕ್ಕೆ ಇಪ್ಪತ್ತೂ ಬಂದಿದ್ದವು. ಎವರ್ಟ್ ಅವನ್ನೆಲ್ಲ ತೋಟದ ಕೈಗಾಡಿಯಲ್ಲಿ ಪೇರಿಸಿ, ಗಲಗಲ ಸದ್ದು ಮಾಡುತ್ತ ಅಂಗಳ ದಾಟಿ ಸಿಗ್ನೆಯ ಬಾಗಿಲು ತಟ್ಟಿದ.

ಸಿಗ್ನೆ ಕೈಗಾಡಿ ನೋಡಿದಳು. ಗೋಡೆ ಹಿಡಿದು ಮೆಲ್ಲಗೆ ಮಣೆಯ ಮೇಲೆ ಕೂತಳು.

"ಉಳಿಸಿಬಿಟ್ಟೆ!" ಎಂದ ಎವರ್ಟ್. "ಇನ್ನು ಆರು ತಿಂಗಳು ಯಾರೂ ಮುಟ್ಟೋ ಹಾಗಿಲ್ಲ!"

"ನೀವಾ? ನೀವೇ ಉಳಿಸಿದ್ರಾ?" ಸಿಗ್ನೆಯ ದನಿ ಸಣ್ಣಗಾಯಿತು. "ಎವರ್ಟ್, ಗುರುವಾರ ಆ ಹಳದಿ ಚೀಟಿ ನೋಡಿ ನಾನು ಮನೆಗೆ ಬಂದು ಕಾಫಿ ಮಾಡ್ಕೊಂಡು ಕುಡಿದೆ. ಸಂತೋಷಕ್ಕೆ."

"ಸಂತೋಷಕ್ಕಾ?"

"ಕಿಟಕೀಲಿರೋ ಜೆರೇನಿಯಂ ಯಾಕೆ ಹೂ ಬಿಡಲ್ಲ ಅಂತ ವರ್ಷಾ ವರ್ಷಾ ಕೇಳ್ತೀರಲ್ಲ, ಹನ್ನೊಂದು ವರ್ಷದಿಂದ ನನ್ನ ಪಾಲು ಅದು ಕುಡೀತಿದೆ."

ಎವರ್ಟ್ ಕೈಗಾಡಿಯ ಅಂಚಿನ ಮೇಲೆ ಕೂತ. "ನೀವು ಚೆನ್ನಾಗಿದೆ ಅಂದ್ರಿ."

"ಚೆನ್ನಾಗಿಲ್ಲ ಅಂದಿದ್ರೆ ಮುಂದಿನ ಶನಿವಾರ ನೀವು ಬರ್ತಿದ್ರಾ?"

ಅವನು ಒಂದು ಬಾಟಲಿ ಎತ್ತಿ ಹಲ್ಲು ಕಿರಿಯುವ ಕತ್ತೆಯನ್ನು ನೋಡಿದ. ಆಮೇಲೆ, "ನನಗೂ ಇಷ್ಟ ಇಲ್ಲ," ಎಂದ. "ಉಸಿರು ಬಿಗಿಹಿಡಿದು ನುಂಗ್ತಿದ್ದೆ."

ಸಿಗ್ನೆಗೆ ನಗು ಬಂತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಹೋಗ್ಲಿ ಬಿಡಿ. ಮುಂದಿನ ವಾರ ನಂಗೆ ನಿಜವಾಗ್ಲೂ ಇಷ್ಟ ಆಗೋದು ತನ್ನಿ. ಕೆಳಗಿನ ಸಾಲಲ್ಲಿ ಒಂದು ಕೆಂಪು ವೈನಿದೆಯಲ್ಲ, ದೀಪಸ್ತಂಭದ ಚಿತ್ರದ್ದು."

ದೀಪಸ್ತಂಭ! ಎವರ್ಟ್ ತನಗೆ ಬೇಕೆನಿಸಿ ಪ್ರತಿ ಶನಿವಾರ ಬಗ್ಗಿ ಕೈಯಲ್ಲಿ ಹಿಡಿದು, ಸಿಗ್ನೆಗಾಗಿ ಮತ್ತೆ ಅಲ್ಲೇ ಇಟ್ಟುಬರುತ್ತಿದ್ದ ಬಾಟಲಿ ಅದು. ಅನ್ನೆಲಿಯ ಮೊಣಕಾಲು ನೆನಪಾಯಿತು. ಅವಳ ಬೆರಳಿನ ತುದಿಯ ಹಳದಿ ಚೀಟಿ, ಕೆಳಗಿನ ಸಾಲು, ಬಲದಿಂದ ಎರಡನೆಯದು.

"ಅದನ್ನ..." ಅವನು ಕೈಗಾಡಿಯ ಹಿಡಿ ಹಿಡಿದುಕೊಂಡ. "ಅದನ್ನ ಇವತ್ತು ಮೂರು ಗಂಟೆಗೆ ನಾನೇ ತೆಗೆಸಿಬಿಟ್ಟೆ, ಸಿಗ್ನೆ."

ಒಳಗೆ ಪಾತ್ರೆಯ ಮುಚ್ಚಳ ಕುದಿಯುವ ನೀರಿಗೆ ಕುಣಿಯುತ್ತಿತ್ತು. ಎವರ್ಟ್ ತಟ್ಟನೆ ಎದ್ದು ಟೋಪಿಯನ್ನು ಕಿವಿಯ ತನಕ ಎಳೆದುಕೊಂಡ. "ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಾಗಿಲ ಮುಂದೆ ನಿಂತಿರ್ತೀನಿ. ಗುನ್‌ವೊರ್‌ಗೆ ಈಗಲೇ ಫೋನು ಮಾಡ್ತೀನಿ. ಸರ್ಕಾರ ಏನು ಅಂದ್ಕೊಂಡಿದೆ?"

ಸಿಗ್ನೆ ಅವನನ್ನು ಒಳಗೆ ಎಳೆದುಕೊಂಡು, ಆ ಟೋಪಿಯನ್ನು ಅವನ ತಲೆಯಿಂದ ತೆಗೆದು ಗೂಟಕ್ಕೆ ಹಾಕಿದಳು. ಒಂದು ನೀಲಿ ಕತ್ತೆಯ ಮುಚ್ಚಳ ತಿರುಗಿಸಿ ಎರಡು ಲೋಟ ತುಂಬಿದಳು. ಕಿಟಕಿಯಿಂದ ಜೆರೇನಿಯಂ ಕುಂಡ ತಂದು, ಇಬ್ಬರಿಗೂ ಕೈಗೆಟಕುವಂತೆ ಮೇಜಿನ ನಟ್ಟನಡುವೆ ಇಟ್ಟಳು. ಆಮೇಲೆ ಹಬೆಯಾಡುವ ಮೂರು ಕಡುಬು, ಮೇಲೆ ಕರಗುತ್ತಿರುವ ಬೆಣ್ಣೆ, ಪಕ್ಕದಲ್ಲಿ ಕೆಂಪು ಹಣ್ಣಿನ ಗೊಜ್ಜು ಹಾಕಿದ ತಟ್ಟೆಯನ್ನು ಅವನ ಕೈಗಿತ್ತಳು.